ಹಳೇ ಬೇಸ್ ಗಿಟಾರ್ ಕೊಟ್ಟು ಹೊಸದು ತರುವಾಗ: ನಾಲ್ಕು ಬೇಸ್ ನುಡಿಸಿ ನೋಡಿದ ಮೇಲೆ

ಎಕ್ಸ್‌ಚೇಂಜ್ ಅಂತ ಹಳೇ ಬೇಸ್ ಹೊತ್ತುಕೊಂಡು ಅಂಗಡಿಗೆ ಹೋಗುವವರು ಮೊದಲು ಒಂದು ಮಾತು ಕೇಳಿಬಿಡಿ: ಹಳೆಯದು ಕೊಡದೆ ಪೂರ್ತಿ ದುಡ್ಡು ಕೊಟ್ಟರೆ ಎಷ್ಟು ಬಿಡ್ತೀರಿ? ನಾನು ವಿಚಾರಿಸಿದ ಒಂದು ಕಡೆ ಎಕ್ಸ್‌ಚೇಂಜ್ ಬೆಲೆಗೂ ಕ್ಯಾಶ್ ಡಿಸ್ಕೌಂಟಿಗೂ ಇದ್ದ ವ್ಯತ್ಯಾಸ ಒಂದು ಸೆಟ್ ತಂತಿಯ ಬೆಲೆಯಷ್ಟು. ಅಂದರೆ ನನ್ನ ಹಳೇ ಬೇಸ್ ಅವರಿಗೆ ಹೆಚ್ಚುಕಡಿಮೆ ಪುಕ್ಕಟೆ.

ರಿಪೇರಿ ಮಾಡಿಸಿ ಇಟ್ಟುಕೊಳ್ಳೋಣ ಅಂದರೆ ಅದಕ್ಕೆ ಆ ಯೋಗ್ಯತೆ ಉಳಿದಿರಲಿಲ್ಲ. ಮಂಗಳೂರಿನ ಮಳೆಗಾಲಗಳನ್ನು ಕಂಡ ನೆಕ್ (ತಂತಿ ಒತ್ತುವ ಉದ್ದನೆಯ ಕತ್ತು) ಮುಂದಕ್ಕೆ ಬಾಗಿತ್ತು. ಹನ್ನೆರಡನೇ ಫ್ರೆಟ್ (ನೆಕ್ ಮೇಲಿನ ಅಡ್ಡಪಟ್ಟಿ) ಹತ್ತಿರ ತಂತಿ ಒತ್ತುವಷ್ಟರಲ್ಲಿ ಬೆರಳು ಸೋಲುತ್ತಿತ್ತು. ಬಾಗು ಸರಿಪಡಿಸಲು ನೆಕ್ ಒಳಗಿರುವ ಟ್ರಸ್ ರಾಡ್ ತಿರುಗಿಸಿ ತಿರುಗಿಸಿ ಕೊನೆ ಮುಟ್ಟಿಯಾಗಿತ್ತು. ನೆಕ್, ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಎರಡೂ ಬದಲಾಯಿಸುವ ಖರ್ಚಿಗೆ ಹೊಸದರ ಅರ್ಧ ಬರುತ್ತದೆ.

ನಾನು ನುಡಿಸುವುದು ಹೆಚ್ಚಾಗಿ ಮದುವೆ ರಿಸೆಪ್ಶನ್‌ಗಳಲ್ಲಿ. ಕನ್ನಡ ಸಿನಿಮಾ ಹಾಡು, ಕೊಂಕಣಿ ಬೈಲಾ ಕುಣಿತದ ಹಾಡು, ಭಾನುವಾರ ಚರ್ಚಿನ ಕ್ವಾಯರ್. ಈ ಕೆಲಸಕ್ಕೆ ಯಾವುದು ಅನ್ನುವುದಷ್ಟೇ ನನ್ನ ಲೆಕ್ಕ. ಅಂಗಡಿಯಲ್ಲಿ ನುಡಿಸಿ ನೋಡಿದ ಮಾದರಿಗಳನ್ನೇ ಪರಿಚಯದವರಿಂದ ಕಡ ತಂದು ತಂಡದ ಪ್ರಾಕ್ಟೀಸಿನಲ್ಲೂ ನುಡಿಸಿದೆ. ಫಲಿತಾಂಶ ಬಹುಪಾಲು ತಲೆಕೆಳಗಾಯಿತು.

ಅಂಗಡಿಯಲ್ಲಿ ಎಲ್ಲರನ್ನೂ ಸೋಲಿಸಿದ್ದು ಐಬನೆಜ್ ಎಸ್‌ಆರ್300ಇ. ತೆಳು ನೆಕ್, ಅದರ ತುದಿಯಲ್ಲಿ ತಂತಿ ಕೂರುವ ನಟ್ ಹತ್ತಿರ 38 ಮಿ.ಮೀ. ಅಗಲ, ತೋಳಿಗೆ ಒತ್ತದ ಬಾಡಿ. ಒಳಗೆ ದನಿ ಏರಿಸಿ ತಿದ್ದುವ ಪ್ರಿಆಂಪ್ ಇದೆ. ತಗ್ಗಿನ, ನಡುವಿನ, ಮೇಲಿನ ದನಿ, ಅಂದರೆ ಬೇಸ್, ಮಿಡ್, ಟ್ರೆಬಲ್ ಮೂರಕ್ಕೂ ಬೇರೆ ಬೇರೆ ನಾಬ್. ಬೇಸ್ ನಾಬ್ ಸ್ವಲ್ಪ ಏರಿಸಿದರೆ ಎದೆಗೇ ಬಡಿಯುತ್ತದೆ, ಆಗಲೇ ಪರ್ಸಿಗೆ ಕೈ ಹೋಗುತ್ತದೆ! ಆದರೆ ನಮ್ಮ ತಂಡದಲ್ಲಿ ಕೀಬೋರ್ಡಿನವನ ಎಡಗೈ ಸುಮ್ಮನಿರುವ ಜಾತಿಯಲ್ಲ. ಅವನ ತಗ್ಗಿನ ಸ್ವರ, ಡ್ರಮ್ಸಿನ ಕಿಕ್, ಮೇಲೆ ನನ್ನ ಏರಿಸಿದ ಬೇಸ್ ಮೂರೂ ಸೇರಿ ಗುಂಯ್ ಅನ್ನುವುದಷ್ಟೇ ಉಳಿಯಿತು. ಬೇಸ್ ಇಳಿಸಿ ಮಿಡ್ ಏರಿಸಿದಾಗ ಸ್ವರಗಳು ಬಿಡಿಬಿಡಿಯಾಗಿ ಕೇಳಿದವು, ಸರಿಯೇ. ಇನ್ನೊಂದು ವಿಷಯ 9 ವೋಲ್ಟ್ ಬ್ಯಾಟರಿ. ಕೇಬಲ್ ಚುಚ್ಚಿದ ಕೂಡಲೇ ಪ್ರಿಆಂಪ್ ಆನ್ ಆಗುತ್ತದೆ. ಊಟಕ್ಕೆ ಹೋಗುವಾಗ ಕೇಬಲ್ ಕಿತ್ತಿಡುವ ಅಭ್ಯಾಸ ಇಲ್ಲದಿದ್ದರೆ ಬ್ಯಾಟರಿ ಖಾಲಿಯಾಗುತ್ತಲೇ ಇರುತ್ತದೆ.

ಸ್ಕ್ವಾಯರ್ ಕ್ಲಾಸಿಕ್ ವೈಬ್ ಸಾಲಿನ ಜಾಝ್ ಬೇಸ್ ನನಗೆ ನಿಜವಾಗಿ ಮನಸ್ಸಾದದ್ದು. ಇದರ ಮೂಲ ವಿನ್ಯಾಸ ಫೆಂಡರ್ ಕಂಪನಿ 1960ರಲ್ಲಿ ತಂದದ್ದು: ಎರಡು ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್, ಕಿರಿದಾದ ನೆಕ್. ಇಳಯರಾಜ ಅವರ ಹಾಡುಗಳಲ್ಲಿ ಬೇಸ್ ಹಾಡಿನ ಕೆಳಗೆ ಇನ್ನೊಂದು ಹಾಡಿನಂತೆ ಓಡುತ್ತದಲ್ಲ, ಅಂಥ ಓಟಕ್ಕೆ ಬ್ರಿಡ್ಜ್ (ಬಾಡಿ ಮೇಲೆ ತಂತಿ ಕೂರುವ ಕಡೆ) ಪಕ್ಕದ ಪಿಕಪ್ ಕೊಡುವ ಆ ಮೂಗಿನ ದನಿ ಬಹಳ ಚೆಂದ. ತೊಡಕಿರುವುದು ಹಮ್ ಅನ್ನುವ ಕರೆಂಟಿನ ಜುಂಯ್ ಸದ್ದಿನಲ್ಲಿ. ಎರಡೂ ಪಿಕಪ್ಪಿನ ವಾಲ್ಯೂಮ್ ಪೂರ್ತಿ ತೆರೆದರೆ ಒಂದರ ಹಮ್ಮನ್ನು ಇನ್ನೊಂದು ಅಳಿಸುತ್ತದೆ. ಒಂದನ್ನು ಇಳಿಸಿದ ತಕ್ಷಣ ಜುಂಯ್ ಶುರು. ಸಿಂಗಲ್ ಕಾಯಿಲ್ ಅಂದಮೇಲೆ ಅದು ಇದ್ದದ್ದೇ. ಮನೆಯಲ್ಲಿ ನಡೆಯುತ್ತದೆ, ಅರ್ಥಿಂಗ್ ಇದೆಯೋ ಇಲ್ಲವೋ ಗೊತ್ತಿಲ್ಲದ ಹಾಲ್‌ಗಳಲ್ಲಿ, ಡಿಮ್ಮರ್ ಲೈಟುಗಳ ಕೆಳಗೆ, ಪ್ರಾರ್ಥನೆಯ ಮೌನದ ಹೊತ್ತಿಗೆ ನಡೆಯುವುದಿಲ್ಲ.

ಅದೇ ಸಾಲಿನ ಪ್ರಿಸಿಷನ್ ಬೇಸ್ ಅಂಗಡಿಯಲ್ಲಿ ನೀರಸ. ಒಂದು ಪಿಕಪ್, ಒಂದು ವಾಲ್ಯೂಮ್, ಒಂದು ಟೋನ್. ಫೆಂಡರ್ 1951ರಲ್ಲಿ ಹೊರತಂದ ಬೇಸ್ ಇದು. ಎರಡು ತುಂಡಾಗಿ ಕೂತಿರುವ ಈಗಿನ ಪಿಕಪ್ 1957ರಲ್ಲಿ ಬಂತು. ಆ ಎರಡು ತುಂಡುಗಳೇ ಪರಸ್ಪರ ಹಮ್ ಅಳಿಸುತ್ತವೆ. ತಂಡದ ಜೊತೆ ನುಡಿಸಿದಾಗ ಆಟವೇ ಬೇರೆ. ಬೈಲಾದ ಆರು ಎಂಟರ ತಾಳದಲ್ಲಿ ಬೇಸ್ ಸ್ವರ ಉದ್ದ ಎಳೆಯಬಾರದು. ಮೀಟಿ, ತಕ್ಷಣ ಅಂಗೈಯಿಂದ ತಡೆಯಬೇಕು. ಹಾಗೆ ತಡೆದ ಸ್ವರ ಪ್ರಿಸಿಷನ್ನಿನಲ್ಲಿ ಧಂ ಅಂತ ದುಂಡಗೆ ಬೀಳುತ್ತದೆ. ಕೀಬೋರ್ಡ್ ಎಷ್ಟೇ ಕೂಗಿದರೂ ಅದು ಮುಳುಗಲಿಲ್ಲ. ನಮ್ಮ ಡ್ರಮ್ಮರ್ ಯಾವ ಬೇಸ್ ಬಗ್ಗೆಯೂ ಬಾಯಿಬಿಟ್ಟವನಲ್ಲ, ಇದಕ್ಕೆ ಮಾತ್ರ ತಲೆಯಾಡಿಸಿದ. ನನಗೆ ಹೊಂದದೆ ಹೋದದ್ದು ನೆಕ್. ನಟ್ ಹತ್ತಿರ 42 ಮಿ.ಮೀ. ಅಂದರೆ ಎಸ್‌ಆರ್‌ಗಿಂತ ನಾಲ್ಕೇ ಮಿ.ಮೀ. ಹೆಚ್ಚು, ಕಾಗದದ ಮೇಲೆ ಏನೂ ಅಲ್ಲ. ಮೊದಲ ಫ್ರೆಟ್ಟುಗಳಲ್ಲೇ ಮೂರು ತಾಸು ಓಡಾಡಿದ ಮೇಲೆ ನನ್ನ ಗಿಡ್ಡ ಬೆರಳಿಗೆ ಅದರ ಲೆಕ್ಕ ಗೊತ್ತಾಯಿತು. ಅಗಲ ಕೈಯವರಿಗೆ ಈ ತಕರಾರು ಇರಲಾರದು. ಅವರು ಇಲ್ಲೇ ಓದು ನಿಲ್ಲಿಸಿ ಇದನ್ನು ಕೊಳ್ಳಬಹುದು.

ಕೊನೆಗೆ ತಂದದ್ದು ಯಮಹಾ ಬಿಬಿ234. ಮುಂದೆ ಪ್ರಿಸಿಷನ್ ಥರದ ಪಿಕಪ್, ಹಿಂದೆ ಜಾಝ್ ಥರದ್ದು, ಎರಡಕ್ಕೂ ಬೇರೆ ವಾಲ್ಯೂಮ್, ಬ್ಯಾಟರಿಯ ಗೊಡವೆ ಇಲ್ಲ. ನೆಕ್ ಕೈಗೆ ಪ್ರಿಸಿಷನ್ನಿನಷ್ಟು ಅಗಲ ಅನ್ನಿಸಲಿಲ್ಲ. ಮುಂದಿನದನ್ನು ಮಾತ್ರ ತೆರೆದರೆ ಹಮ್ ಇಲ್ಲದೆ ಬೈಲಾ ಮುಗಿಯುತ್ತದೆ. ಹಳೇ ಹಾಡಿಗೆ ಹಿಂದಿನದನ್ನು ಒಂದಿಷ್ಟು ಬೆರೆಸುತ್ತೇನೆ, ಜೊತೆಗೆ ಒಂದಿಷ್ಟು ಹಮ್ಮೂ ಬರುತ್ತದೆ. ಪ್ರಿಸಿಷನ್ನಿನ ಆ ದುಂಡು ಧಂ ಇದರಲ್ಲಿ ಪೂರ್ತಿ ಇಲ್ಲ, ಜಾಝಿನ ಮೂಗುದನಿಯೂ ಇಲ್ಲ. ಒಂದೇ ಬೇಸ್ ಹೊತ್ತು ಬಸ್ಸಿನಲ್ಲಿ ಹೋಗುವವನಿಗೆ ಸಾಕು.

ಹಳೆಯದನ್ನು ಅಂಗಡಿಗೆ ಕೊಡಲಿಲ್ಲ. ನೆಕ್ ಬಾಗಿರುವುದನ್ನು ಫೋಟೊ ಸಮೇತ ಬರೆದು ಮಾರಾಟಕ್ಕೆ ಹಾಕಿದೆ. ಟ್ಯೂನರ್, ಬ್ರಿಡ್ಜ್ ಬೇಕಿದ್ದ ಒಬ್ಬರು ಕೊಂಡರು. ಅಂಗಡಿ ಹೇಳಿದ್ದಕ್ಕಿಂತ ಹೆಚ್ಚೇ ಬಂತು. ಕ್ಯಾಶ್ ಡಿಸ್ಕೌಂಟಿನ ಜೊತೆ ಸೆಟಪ್ಪನ್ನೂ (ತಂತಿ, ನೆಕ್ ಹೊಂದಿಸುವ ಕೆಲಸ) ಮಾಡಿಸಿಕೊಂಡೆ. ಅದನ್ನು ಕೇಳಿಯೇ ಪಡೆಯಬೇಕು, ತಾವಾಗಿ ಮಾಡಿಕೊಡುವವರು ಕಡಿಮೆ.

ಐದು ತಂತಿ ಬೇಕೆನ್ನುವವರಿಗೆ ಮಾತ್ರ ಈ ಲೆಕ್ಕ ಬದಲಾಗುತ್ತದೆ. ಗಾಯಕರು ಶ್ರುತಿ ಇಳಿಸಿ ಡಿ ಸ್ವರ ಅಂದಾಗ, ನಾಲ್ಕು ತಂತಿಯ ಕೊನೆಯ ಇ ಸ್ವರಕ್ಕಿಂತ ಕೆಳಗೆ ಹೋಗಲು ಬಿ ತಂತಿ ಬೇಕು. ಆಗ ನೆಕ್ ಹೇಗೂ ಅಗಲವಾಗುತ್ತದೆ. ಬಿಬಿ235, ಎಸ್‌ಆರ್305ಇ ಎರಡನ್ನೂ ಪಕ್ಕಪಕ್ಕ ಹಿಡಿದು, ಆ ಬಿ ತಂತಿಯ ಮೊದಲ ಫ್ರೆಟ್ಟುಗಳನ್ನೇ ಮೊದಲು ನುಡಿಸಿ ನೋಡಿ.