ಸ್ಮಾರ್ಟ್ ಮನೆ ಸೆಟಪ್: ನಾಲ್ಕೈದು ವರ್ಷ ಬಳಸಿದ ಮೇಲೆ ಯಾವುದು ಉಳಿಯಿತು, ಯಾವುದು ಅಟ್ಟ ಸೇರಿತು

ಈ ಸಾಮಾನುಗಳ ಬಗ್ಗೆ ಓದಲು ಸಿಗುವ ವಿಮರ್ಶೆಗಳಲ್ಲಿ ಹೆಚ್ಚಿನವು ಡಬ್ಬ ಬಿಚ್ಚಿದ ವಾರದಲ್ಲೇ ಬರೆದವು. ಆ ವಾರ ಎಲ್ಲವೂ ಚೆನ್ನಾಗೇ ಇರುತ್ತದೆ. ಬಲ್ಬು ನೇರಳೆ ಬಣ್ಣಕ್ಕೆ ತಿರುಗುತ್ತದೆ, ಮನೆಗೆ ಬಂದವರೆಲ್ಲ ಒಂದು ಸಲ ಫೋನು ಇಸ್ಕೊಂಡು ಒತ್ತಿ ನೋಡುತ್ತಾರೆ. ಆ ಖುಷಿ ಇಳಿದ ಮೇಲಿನ ಮಾತು ಬೇಕು ಅನ್ನುವವರಿಗೆ ಇದು.

ಸೆಟಪ್ ಏನೇನು ಅಂತ ಮೊದಲು ಹೇಳಿಬಿಡುತ್ತೇನೆ. ಮೆಶ್ ವೈಫೈ (ಮನೆಯ ಬೇರೆ ಬೇರೆ ಕಡೆ ಇಟ್ಟ ಹಲವು ಯೂನಿಟ್‌ಗಳು ಸೇರಿ ಹರಡುವ ಒಂದೇ ವೈಫೈ), ಅದರ ಹಿಂದೆ ಗೋಡೆಯೊಳಗೆ ಎಳೆಸಿದ ಕ್ಯಾಟ್ 6 ನೆಟ್‌ವರ್ಕ್ ಕೇಬಲ್. ಮಾಮೂಲಿ ಸ್ವಿಚ್‌ಗಳ ಹಿಂದೆ ಕೂರಿಸಿದ ಝಿಗ್‌ಬೀ ಮಾಡ್ಯೂಲ್‌ಗಳು (ಝಿಗ್‌ಬೀ ಅಂದರೆ ಇಂಥ ಸಾಮಾನುಗಳು ತಮ್ಮತಮ್ಮಲ್ಲಿ ಮಾತಾಡಲು ಬಳಸುವ ರೇಡಿಯೊ), ಕೆಲವು ಸ್ಮಾರ್ಟ್ ಬಲ್ಬು, ಅಲ್ಲಲ್ಲಿ ಸೆನ್ಸರ್‌ಗಳು. ಇವನ್ನೆಲ್ಲ ನೋಡಿಕೊಳ್ಳಲು ಒಂದು ಪುಟ್ಟ ಕಂಪ್ಯೂಟರ್‌ನಲ್ಲಿ ಹೋಮ್ ಅಸಿಸ್ಟೆಂಟ್ ಅನ್ನುವ ತಂತ್ರಾಂಶ. ಹಾಲ್‌ನಲ್ಲಿ 55 ಇಂಚಿನ ಟಿವಿ, ಅದರ ಸದ್ದನ್ನು ಸ್ಪೀಕರ್‌ಗಳಿಗೆ ಹಂಚುವ ಎವಿ ರಿಸೀವರ್, ಐದು ಸ್ಪೀಕರ್, ಒಂದು ಸಬ್‌ವೂಫರ್. ತೀರ್ಪನ್ನೂ ಇಲ್ಲೇ ಹೇಳಿಬಿಡಲಾ? ಕಣ್ಣಿಗೆ ಕಾಣದ ಸಾಮಾನು ಬಾಳಿಕೆ ಬಂತು. ಬಂದವರಿಗೆ ತೋರಿಸಲು ಚೆಂದ ಅನ್ನಿಸಿದ್ದರಲ್ಲಿ ಅರ್ಧದಷ್ಟು ಈಗ ಅಟ್ಟದ ಮೇಲಿದೆ.

ಕೇಬಲ್ಲಿನಿಂದ ಶುರು ಮಾಡುತ್ತೇನೆ, ಯಾಕೆಂದರೆ ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಮೆಶ್ ತೊಗೊಂಡರೆ ವೈರೇ ಬೇಡ ಅಂತ ಡಬ್ಬದ ಮೇಲೆ ಬರೆದಿರುತ್ತಾರಲ್ಲ, ಅದು ಅರ್ಧ ಸತ್ಯ. ಎರಡೇ ಬ್ಯಾಂಡ್ (ರೇಡಿಯೊ ಪಟ್ಟಿ) ಇರುವ ಮೆಶ್‌ನಲ್ಲಿ ಪಕ್ಕದ ಯೂನಿಟ್ ಜೊತೆ ಮಾತಾಡುವುದಕ್ಕೂ ನಿಮ್ಮ ಫೋನ್ ಜೊತೆ ಮಾತಾಡುವುದಕ್ಕೂ ಅದೇ ರೇಡಿಯೊ, ಹಾಗಾಗಿ ಒಂದು ಯೂನಿಟ್ ದಾಟುವಷ್ಟರಲ್ಲಿ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಯೂನಿಟ್‌ಗಳ ನಡುವೆ ಕೇಬಲ್ ಕೊಟ್ಟ ದಿನದಿಂದ ನಮ್ಮ ಮನೆಯಲ್ಲಿ ವೈಫೈ ಬಗ್ಗೆ ಯಾರೂ ದೂರಿಲ್ಲ. ನೆಟ್‌ವರ್ಕ್ ಚೆನ್ನಾಗಿದೆ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ.

ಆದರೆ ಕೇಬಲ್ ಎಳೆಯಲು ಬಂದ ಗುತ್ತಿಗೆದಾರರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಹೊರಗಿನ ಕ್ಯಾಮೆರಾ ಹಗಲಿಡೀ ಸರಿಯಾಗಿ ಓಡುತ್ತಿತ್ತು, ಸಂಜೆ ಕತ್ತಲಾಗುತ್ತಿದ್ದಂತೆ ತಾನಾಗೇ ರೀಸ್ಟಾರ್ಟ್ ಆಗುತ್ತಿತ್ತು, ಮತ್ತೆ ಎದ್ದು ಮತ್ತೆ ಬೀಳುತ್ತಿತ್ತು. ಕ್ಯಾಮೆರಾವೇ ಕೆಟ್ಟಿದೆ ಅಂತ ಅವರು ವಾದಿಸಿದರು. ಕೇಬಲ್ ತುದಿ ಬಿಚ್ಚಿ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿದರೆ ಒಳಗೆ ಬೆಳ್ಳಗೆ! ತಾಮ್ರ ಅಲ್ಲ, ತಾಮ್ರದ ಲೇಪ ಬಳಿದ ಅಲ್ಯೂಮಿನಿಯಂ. ಈ ಕ್ಯಾಮೆರಾಕ್ಕೆ ಕರೆಂಟ್ ಹೋಗುವುದೂ ಅದೇ ನೆಟ್‌ವರ್ಕ್ ಕೇಬಲ್ಲಿನಲ್ಲಿ, ಪಿಒಇ ಅಂತಾರೆ. ಕತ್ತಲಾದಾಗ ಕ್ಯಾಮೆರಾದ ಇನ್‌ಫ್ರಾರೆಡ್ ದೀಪ ಹೊತ್ತಿಕೊಂಡು ಜಾಸ್ತಿ ಕರೆಂಟ್ ಎಳೆಯುತ್ತದೆ. ಅಲ್ಯೂಮಿನಿಯಂ ತಂತಿಯ ಪ್ರತಿರೋಧ ತಾಮ್ರಕ್ಕಿಂತ ಹೆಚ್ಚು, ಉದ್ದದ ಓಟದಲ್ಲಿ ವೋಲ್ಟೇಜ್ ಕುಸಿಯುತ್ತದೆ, ಕ್ಯಾಮೆರಾ ಆರಿಹೋಗುತ್ತದೆ. ಶುದ್ಧ ತಾಮ್ರದ ಕೇಬಲ್ ಎಳೆಸಿದ ಮೇಲೆ ಅದೇ ಕ್ಯಾಮೆರಾ ಒಂದು ರಾತ್ರಿಯೂ ನಿಂತಿಲ್ಲ. ಕೇಬಲ್ ಮೇಲೆ ಕ್ಯಾಟ್ 6 ಅಂತ ದಪ್ಪಕ್ಷರದಲ್ಲಿ ಅಚ್ಚಾಗಿದ್ದರೂ ನಂಬಬೇಡಿ. ಸುರುಳಿ ಬಿಚ್ಚುವ ಮೊದಲೇ ಒಂದು ಎಳೆ ಕೆರೆದು ನೋಡಿ, ಅರ್ಧ ನಿಮಿಷದ ಕೆಲಸ.

ಇನ್ನೊಂದು ಕೋಣೆಯದು ಬೇರೆ ಕಥೆ. ಅಲ್ಲಿ ಇಂಟರ್‌ನೆಟ್ ಬರುತ್ತಿತ್ತು, ಆದರೆ 100 ಎಂಬಿಪಿಎಸ್ ದಾಟುತ್ತಲೇ ಇರಲಿಲ್ಲ. 94, 95ಕ್ಕೆ ಬಂದು ನಿಲ್ಲುತ್ತಿತ್ತು. ಹೀಗೆ ಗೆರೆ ಎಳೆದಂತೆ ಅಲ್ಲೇ ನಿಂತರೆ ಇಂಟರ್‌ನೆಟ್ ಕಂಪನಿಗೆ ಫೋನ್ ಮಾಡುವ ಮೊದಲು ಕೇಬಲ್ ತುದಿ ನೋಡಿ. 100 ಎಂಬಿಪಿಎಸ್‌ಗೆ ಎರಡು ಜೋಡಿ ತಂತಿ ಸಾಕು, ಗಿಗಾಬಿಟ್‌ಗೆ (1000 ಎಂಬಿಪಿಎಸ್) ನಾಲ್ಕು ಜೋಡಿಯೂ ಬೇಕು. ಕೇಬಲ್ ಟೆಸ್ಟರ್ ಹಾಕಿದಾಗ ಎಂಟು ತಂತಿಗಳಲ್ಲಿ 1ರಿಂದ 6ರ ತನಕ ದೀಪ ಸಾಲಾಗಿ ಮಿಣುಕಿತು, 7 ಮತ್ತು 8 ಕತ್ತಲು. ಕಂದು ಬಣ್ಣದ ಜೋಡಿ ಕನೆಕ್ಟರ್‌ನೊಳಗೆ ಪೂರ್ತಿ ಕೂತಿರಲಿಲ್ಲ. ತುದಿ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿದರೆ (ಹೊಸ ಕನೆಕ್ಟರ್ ಒತ್ತಿ ಕೂರಿಸಿದರೆ) ಮುಗಿಯಿತು. ಅಂದ ಹಾಗೆ, ಎಷ್ಟೋ ಟಿವಿಗಳ ಎತರ್‌ನೆಟ್ (ನೆಟ್‌ವರ್ಕ್ ಕೇಬಲ್ಲಿನ) ಪೋರ್ಟೇ 100 ಎಂಬಿಪಿಎಸ್‌ನದು. ಅಲ್ಲಿ ಕೇಬಲ್ ಬೈದು ಪ್ರಯೋಜನವಿಲ್ಲ, ಬೈಯುವ ಅಗತ್ಯವೂ ಇಲ್ಲ, 4ಕೆ ಸ್ಟ್ರೀಮಿಂಗ್‌ಗೆ 25 ಎಂಬಿಪಿಎಸ್ ಧಾರಾಳ.

ದೀಪಗಳಿಗೆ ಬರೋಣ. ಬಲ್ಬು ಸ್ಮಾರ್ಟ್ ಆಗಬೇಕಾ, ಸ್ವಿಚ್ಚಾ? ನನ್ನ ಉತ್ತರ ಸ್ವಿಚ್. ಸ್ಮಾರ್ಟ್ ಬಲ್ಬು ಹಾಕಿದ ಮನೆಯಲ್ಲಿ ಗೋಡೆಯ ಸ್ವಿಚ್ಚನ್ನು ಯಾರೂ ಮುಟ್ಟಬಾರದು. ಮುಟ್ಟಿದರೆ ಬಲ್ಬಿಗೆ ಕರೆಂಟೇ ಹೋಗುವುದಿಲ್ಲ, ಆಪ್‌ನಲ್ಲಿ ಎಷ್ಟು ಒತ್ತಿದರೂ ಅಷ್ಟೇ. ಸ್ವಿಚ್ ಮೇಲೆ ಟೇಪ್ ಅಂಟಿಸಿದವರನ್ನೂ ನೋಡಿದ್ದೇನೆ. ಅಮ್ಮನಿಗೆ ‘ಸ್ವಿಚ್ ಮುಟ್ಟಬೇಡ, ಫೋನ್ ತೆಗಿ’ ಅಂತ ಹೇಳಿ ನೋಡಿ, ಏನು ಉತ್ತರ ಬರುತ್ತದೆ ಅಂತ ನಾನು ಬರೆಯಬೇಕಿಲ್ಲ. ಝಿಗ್‌ಬೀ ಬಲ್ಬಿನಲ್ಲಿ ಇನ್ನೊಂದು ತೊಂದರೆ ಇದೆ. ಅವು ಪಕ್ಕದ ಸೆನ್ಸರ್‌ಗಳ ಸಂದೇಶವನ್ನೂ ಮುಂದಕ್ಕೆ ದಾಟಿಸುತ್ತವೆ, ಹಾಗಾಗಿ ಒಂದು ಬಲ್ಬಿನ ಕರೆಂಟ್ ತೆಗೆದರೆ ಅದರ ಮೂಲಕ ಮಾತಾಡುತ್ತಿದ್ದ ಬಾಗಿಲಿನ ಸೆನ್ಸರ್ ಕೂಡ ಕಳೆದುಹೋಗುತ್ತದೆ. ಸ್ವಿಚ್ ಹಿಂದಿನ ಮಾಡ್ಯೂಲ್‌ಗೆ ಈ ಗೋಳಿಲ್ಲ. ಕೈಯಿಂದ ಒತ್ತಿದರೂ ಸರಿ, ಫೋನಿನಿಂದಾದರೂ ಸರಿ, ಹೋಮ್ ಅಸಿಸ್ಟೆಂಟ್ ಮಲಗಿದ್ದರೂ ಸ್ವಿಚ್ಚಿನಿಂದ ದೀಪ ಹತ್ತುತ್ತದೆ.

ಮಾಡ್ಯೂಲ್ ಕೊಳ್ಳುವ ಮೊದಲು ಸ್ವಿಚ್ ಬೋರ್ಡ್ ಬಿಚ್ಚಿಸಿ ಅಲ್ಲಿ ನ್ಯೂಟ್ರಲ್ ವೈರ್ (ಕರೆಂಟ್ ವಾಪಸ್ ಹೋಗುವ ತಂತಿ) ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಹಳೆಯ ವೈರಿಂಗ್‌ನಲ್ಲಿ ಎಷ್ಟೋ ಕಡೆ ಇರುವುದಿಲ್ಲ. ನ್ಯೂಟ್ರಲ್ ಬೇಡದ ಮಾಡ್ಯೂಲ್‌ಗಳೂ ಸಿಗುತ್ತವೆ. ಅವು ತಮಗೆ ಬೇಕಾದ ಚೂರು ಕರೆಂಟನ್ನು ಬಲ್ಬಿನ ಮೂಲಕವೇ ಎಳೆದುಕೊಳ್ಳುತ್ತವೆ, ಹಾಗಾಗಿ ಕಡಿಮೆ ವಾಟಿನ ಎಲ್‌ಇಡಿ ಆಫ್ ಮಾಡಿದ ಮೇಲೂ ಮಂಕಾಗಿ ಉರಿಯುತ್ತಿರುತ್ತದೆ, ಇಲ್ಲವೇ ಮಿಣಮಿಣ ಅನ್ನುತ್ತದೆ. ನಮ್ಮ ಮಲಗುವ ಕೋಣೆಯಲ್ಲಿ ಇದೇ ಆಯಿತು. ಬಲ್ಬಿಗೆ ಸಮಾನಾಂತರವಾಗಿ ಒಂದು ಬೈಪಾಸ್ ಕೆಪ್ಯಾಸಿಟರ್ ಹಾಕಿಸಿದ ಮೇಲೆ ನಿಂತಿತು.

ಬಣ್ಣದ ಬಲ್ಬು ಮನೆ ತುಂಬ ಬೇಕಿಲ್ಲ. ದಿನನಿತ್ಯ ನಾವು ಬಳಸುವುದು ಬಿಳಿ ಬೆಳಕನ್ನೇ: ಸಂಜೆ ಕೂರುವ ಜಾಗದಲ್ಲಿ 2700 ಕೆಲ್ವಿನ್ನಿನ ಬೆಚ್ಚಗಿನ ಬೆಳಕು, ಅಡುಗೆಮನೆ ಮತ್ತು ಓದುವ ಮೇಜಿಗೆ 4000 (ಕೆಲ್ವಿನ್ ಅಂಕೆ ಏರಿದಷ್ಟೂ ಬೆಳಕು ಹಳದಿಯಿಂದ ನೀಲಿ ಕಡೆಗೆ ಹೋಗುತ್ತದೆ). ವಾಟ್ ನೋಡಬೇಡಿ, ಬೆಳಕಿನ ಅಳತೆಯಾದ ಲ್ಯೂಮೆನ್ ನೋಡಿ (ಹಳೆಯ 60 ವಾಟಿನ ಬಲ್ಬು ಸುಮಾರು 800 ಲ್ಯೂಮೆನ್). ಸಿಆರ್‌ಐ (ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಅನ್ನುವ ಅಂಕ) 90ರ ಮೇಲಿದ್ದರೆ ಇನ್ನೂ ಒಳ್ಳೆಯದು, ಎದುರು ಕೂತವರ ಮುಖ ಸಪ್ಪೆಯಾಗಿ ಕಾಣುವುದಿಲ್ಲ. ಇನ್ನೊಂದು ಸೆಟ್ಟಿಂಗ್ ಮರೆಯಬೇಡಿ, ಕರೆಂಟ್ ಹೋಗಿ ಬಂದಾಗ ಬಲ್ಬು ಏನು ಮಾಡಬೇಕು ಅನ್ನುವುದು. ಕಾರ್ಖಾನೆಯಿಂದ ಬರುವಾಗ ಅದು ಸಾಮಾನ್ಯವಾಗಿ ‘ಆನ್’ ಅಂತಲೇ ಇರುತ್ತದೆ. ಮಧ್ಯರಾತ್ರಿ ಕರೆಂಟ್ ಬಂತು ಅಂದರೆ ಮನೆಯ ಅಷ್ಟೂ ಬಲ್ಬು ಒಟ್ಟಿಗೆ ಮುಖಕ್ಕೆ ಹೊಡೆದಂತೆ ಹೊತ್ತಿಕೊಳ್ಳುತ್ತವೆ.

ಸೆನ್ಸರ್‌ಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪಿಐಆರ್ ಸೆನ್ಸರ್‌ಗೆ ಕಾಣುವುದು ಅಲುಗಾಡುವ ಬಿಸಿ ಮೈ ಮಾತ್ರ. ಸುಮ್ನೆ ಕೂತು ಓದುತ್ತಿದ್ದರೆ ನೀವು ಇಲ್ಲ ಅಂತ ತಿಳಿದು ದೀಪ ಆರಿಸುತ್ತದೆ, ಆಮೇಲೆ ಕೈ ಬೀಸುತ್ತಾ ಕೂರಬೇಕು. ಮೆಟ್ಟಿಲು, ಕಾರಿಡಾರ್, ಬಚ್ಚಲಿನ ಬಾಗಿಲ ಬಳಿ ಅದು ಸಾಕು. ಕೂರುವ ಜಾಗಕ್ಕೆ ಮಿಲಿಮೀಟರ್ ವೇವ್ (ಪುಟ್ಟ ರೇಡಾರ್) ಸೆನ್ಸರ್ ಬೇಕು, ಉಸಿರಾಟದ ಅಲುಗಾಟವೂ ಅದಕ್ಕೆ ತಿಳಿಯುತ್ತದೆ. ಆದರೆ ಫ್ಯಾನು ತಿರುಗಿದರೂ, ಪರದೆ ಹಾರಾಡಿದರೂ ಯಾರೋ ಇದ್ದಾರೆ ಅಂದುಕೊಳ್ಳುತ್ತದೆ. ಫ್ಯಾನು ಅದರ ನೋಟಕ್ಕೆ ಬೀಳದ ಮೂಲೆ ಹುಡುಕುವುದೇ ಒಂದು ಕೆಲಸ.

ಝಿಗ್‌ಬೀ ಹಾಕುವವರಿಗೆ ಒಂದು ಮಾತು. ಅದೂ 2.4 ಗಿಗಾಹರ್ಟ್ಸ್‌ನಲ್ಲೇ ಓಡುತ್ತದೆ, ವೈಫೈಯೂ ಅಲ್ಲೇ. ನನ್ನ ವೈಫೈ ಚಾನೆಲ್ 1ರಲ್ಲಿದೆ, ಝಿಗ್‌ಬೀ ಅದರಿಂದ ದೂರದ 25ರಲ್ಲಿದೆ, ಎರಡರ ನಡುವೆ ಜಗಳವಿಲ್ಲ. ಝಿಗ್‌ಬೀ ಡಾಂಗಲ್ಲನ್ನು (ಕಂಪ್ಯೂಟರ್‌ಗೆ ಝಿಗ್‌ಬೀ ಜೋಡಿಸುವ ಯುಎಸ್‌ಬಿ ಕಡ್ಡಿ) ಕಂಪ್ಯೂಟರ್‌ನ ಯುಎಸ್‌ಬಿ 3 ಪೋರ್ಟಿಗೆ ನೇರ ಚುಚ್ಚಬೇಡಿ. ಆ ಪೋರ್ಟಿನ ರೇಡಿಯೊ ಗದ್ದಲ ಇದೇ ತರಂಗಾಂತರದಲ್ಲಿ ಬೀಳುತ್ತದೆ. ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರ್ ಹಾಕಿ ದೂರ ಇಟ್ಟರೆ ಕೈಗೆ ಸಿಗದ ಸೆನ್ಸರ್‌ಗಳು ತಾನಾಗೇ ಬಂದು ಸೇರುತ್ತವೆ.

ಇನ್ನು ಕ್ಲೌಡ್, ಅಂದರೆ ಕಂಪನಿಯ ಸರ್ವರ್ ಮೂಲಕ ನಡೆಯುವ ಸಾಮಾನು. ನನ್ನ ಹತ್ತಿರ ಇದ್ದ ಕೆಲವು ಸ್ಮಾರ್ಟ್ ಪ್ಲಗ್‌ಗಳು ಅಟ್ಟ ಸೇರಿದ್ದು ಕೆಟ್ಟು ಅಲ್ಲ. ಅವುಗಳ ಆಪ್ ಒಂದು ದಿನ ಹೊಸ ಅಕೌಂಟ್ ಮಾಡು ಅಂದಿತು, ಆಮೇಲೆ ಮೊದಲು ಪುಕ್ಕಟೆ ಇದ್ದ ಟೈಮರ್‌ಗೆ ಚಂದಾ ಕೇಳಿತು. ಪ್ಲಗ್ ನಮ್ಮ ಗೋಡೆಯಲ್ಲಿ, ಅದರ ಕೀಲಿ ಇನ್ಯಾರದೋ ಸರ್ವರ್‌ನಲ್ಲಿ! ಇದು ಸಣ್ಣ ವಿಷಯ ಅನ್ನುವವರು ಇನ್‌ಸ್ಟಿಯಾನ್ ಅನ್ನುವ ಅಮೆರಿಕದ ಸ್ಮಾರ್ಟ್ ಮನೆ ಕಂಪನಿಯ ಬಳಕೆದಾರರಿಗೆ ಆದದ್ದನ್ನು ನೋಡಬೇಕು. 2022ರ ಏಪ್ರಿಲ್‌ನಲ್ಲಿ ಆ ಕಂಪನಿಯ ಸರ್ವರ್‌ಗಳು ಮುನ್ಸೂಚನೆಯೇ ಇಲ್ಲದೆ ನಿಂತುಹೋದವು. ವರ್ಷಗಟ್ಟಲೆ ಕೂಡಿಸಿಟ್ಟ ಆಟೊಮೇಷನ್‌ಗಳು, ವಾಯ್ಸ್ ಕಂಟ್ರೋಲ್ ಎಲ್ಲ ಸತ್ತವು. ಕೆಲಸ ಮುಂದುವರಿಸಿದ್ದು ಮನೆಯೊಳಗೇ ಬೇರೆ ಕಂಟ್ರೋಲರ್ ಇಟ್ಟುಕೊಂಡವರು. ಕೊನೆಗೆ ಕೆಲವು ಬಳಕೆದಾರರೇ ಸೇರಿ ಅದನ್ನು ಕೊಂಡು ಮತ್ತೆ ಎಬ್ಬಿಸಬೇಕಾಯಿತು.

ಅದಕ್ಕೇ ನನಗೆ ಹೋಮ್ ಅಸಿಸ್ಟೆಂಟ್ ಇಷ್ಟ. 2013ರಿಂದ ಇರುವ ಓಪನ್ ಸೋರ್ಸ್ ತಂತ್ರಾಂಶ, ಮನೆಯೊಳಗೇ ಓಡುತ್ತದೆ, ಇಂಟರ್‌ನೆಟ್ ಹೋದರೂ ದೀಪಗಳು ಹೇಳಿದ ಮಾತು ಕೇಳುತ್ತವೆ. ಆದರೆ ಸುಲಭ ಅಂತ ಹೇಳಲಾರೆ. ತಿಂಗಳಿಗೊಮ್ಮೆ ಅಪ್‌ಡೇಟ್ ಬರುತ್ತದೆ, ಕೆಲವೊಮ್ಮೆ ಅದು ಏನನ್ನಾದರೂ ಮುರಿಯುತ್ತದೆ. ಬ್ಯಾಕಪ್ ತೆಗೆಯದೆ ಅಪ್‌ಡೇಟ್ ಒತ್ತಬೇಡಿ. ಇಷ್ಟೆಲ್ಲ ತಲೆನೋವು ಬೇಡ ಅನ್ನುವವರು ಡಬ್ಬದ ಮೇಲೆ ಮ್ಯಾಟರ್ (ಬೇರೆ ಬೇರೆ ಕಂಪನಿಯ ಸಾಮಾನು ಒಟ್ಟಿಗೆ ಕೆಲಸ ಮಾಡಲು ಇರುವ ಮಾನದಂಡ) ಗುರುತು ನೋಡಿ ಕೊಳ್ಳಿ. ಅದರ ಮೊದಲ ಆವೃತ್ತಿ ಬಂದದ್ದು 2022ರ ಅಕ್ಟೋಬರ್‌ನಲ್ಲಿ, ಈಗ ದೀಪ ಮತ್ತು ಪ್ಲಗ್‌ಗಳ ಮಟ್ಟಿಗೆ ಚೆನ್ನಾಗೇ ನಡೆಯುತ್ತದೆ. ಮ್ಯಾಟರ್ ಒಪ್ಪುವ ಯಾವ ಕಂಪನಿಯ ಆಪ್‌ನಿಂದಲಾದರೂ ಮನೆಯೊಳಗಿಂದಲೇ ಮಾತಾಡಿಸಬಹುದು. ಹಾಗೆಯೇ ಈ ಎಲ್ಲ ಸಾಮಾನನ್ನು ಬೇರೆ ವೈಫೈ ಹೆಸರಿಗೆ, ಕಡೇಪಕ್ಷ ಗೆಸ್ಟ್ ನೆಟ್‌ವರ್ಕಿಗೆ ಹಾಕಿ, ಪಾಸ್‌ವರ್ಡ್ ಬದಲಿಸಿ. 2016ರಲ್ಲಿ ಮಿರಾಯ್ ಅನ್ನುವ ಕುತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳೊಳಗೆ ಹೊಕ್ಕಿದ್ದು ಕಾರ್ಖಾನೆಯ ಪಾಸ್‌ವರ್ಡ್ ಹಾಗೇ ಬಿಟ್ಟಿದ್ದರಿಂದಲೇ.

ಟಿವಿ ಮತ್ತು ಸೌಂಡ್. ದುಡ್ಡು ಹಂಚುವುದಾದರೆ ನಾನು ಟಿವಿಯನ್ನು ಒಂದು ಸೈಜ್ ಚಿಕ್ಕದು ಮಾಡಿ ಉಳಿದದ್ದನ್ನು ಸ್ಪೀಕರ್‌ಗೆ ಹಾಕುತ್ತೇನೆ. ತೆಳು ಟಿವಿಯ ಸ್ಪೀಕರ್‌ಗಳು ನೆಲಕ್ಕೆ ಮುಖ ಮಾಡಿರುತ್ತವೆ, ಅದಕ್ಕೇ ಹಾಡು ಜೋರು, ಮಾತು ಗುಸುಗುಸು. ಮಾತು ಬರುವುದು ಬಹುಪಾಲು ಸೆಂಟರ್ ಸ್ಪೀಕರ್‌ನಿಂದ. ರಿಸೀವರ್‌ನಲ್ಲಿ ಅದೊಂದನ್ನೇ 2, 3 ಡೆಸಿಬೆಲ್ ಏರಿಸಿದರೆ ರಿಮೋಟ್ ಹಿಡಿದು ಏರಿಸಿ ಇಳಿಸಿ ಮಾಡುವ ಕಾಟ ತಪ್ಪುತ್ತದೆ. ರಾತ್ರಿ ಹೊತ್ತು ನೈಟ್ ಮೋಡ್ ಹಾಕಿ, ಸ್ಫೋಟದ ಸದ್ದು ಇಳಿದು ಮಾತು ಮೇಲೇಳುತ್ತದೆ. ಸಬ್‌ವೂಫರ್ ಮೂಲೆಗೆ ತಳ್ಳಿದರೆ ಗುಮ್ಮೆನ್ನುತ್ತದೆ, ಸ್ವಲ್ಪ ಈಚೆಗೆ ತನ್ನಿ.

ಟಿವಿಯಿಂದ ರಿಸೀವರ್‌ಗೆ ಸದ್ದು ಕಳಿಸಲು ಎಚ್‌ಡಿಎಂಐ ಎಆರ್‌ಸಿ ಸಾಕಾ, ಅದರ ಸುಧಾರಿತ ರೂಪವಾದ ಇಎಆರ್‌ಸಿ ಬೇಕಾ ಅಂತ ತುಂಬ ಜನ ಕೇಳುತ್ತಾರೆ. ನೋಡುವುದು ಬರೀ ಸ್ಟ್ರೀಮಿಂಗ್ ಆಪ್‌ಗಳನ್ನಾದರೆ ಎಆರ್‌ಸಿ ಸಾಕು, ಅಲ್ಲಿನ ಅಟ್ಮಾಸ್ (ಸುತ್ತಲಿನಿಂದ, ತಲೆಯ ಮೇಲಿಂದಲೂ ಬರುವಂಥ ಸದ್ದು) ಡಾಲ್ಬಿ ಡಿಜಿಟಲ್ ಪ್ಲಸ್ ಅನ್ನುವ ಕುಗ್ಗಿಸಿದ ರೂಪದಲ್ಲಿ ಬರುವುದರಿಂದ ಅದರಲ್ಲೇ ಹಾದುಹೋಗುತ್ತದೆ. ಬ್ಲೂರೇ ಡಿಸ್ಕಿನ ಟ್ರೂಎಚ್‌ಡಿ ಅನ್ನುವ ಪೂರ್ಣ ಗುಣಮಟ್ಟದ ಸದ್ದನ್ನು ಟಿವಿ ಮೂಲಕ ಕಳಿಸಬೇಕೆಂದರೆ ಇಎಆರ್‌ಸಿ ಬೇಕು, ಅಥವಾ ಪ್ಲೇಯರನ್ನು ನೇರ ರಿಸೀವರ್‌ಗೆ ಕೊಡಿ. ಆಪ್ಟಿಕಲ್ ಕೇಬಲ್ಲಿನಲ್ಲಿ ಈ ಎರಡೂ ಬಗೆಯ ಸದ್ದು ಹಾಯುವುದಿಲ್ಲ. ಚಿತ್ರಕ್ಕೆ ಒಂದೇ ಕೆಲಸ: ವಿವಿಡ್ ಮೋಡ್ ಬಿಟ್ಟು ಸಿನಿಮಾ ಇಲ್ಲವೇ ಫಿಲ್ಮ್‌ಮೇಕರ್ ಮೋಡ್ ಹಾಕಿ, ಮೋಷನ್ ಸ್ಮೂತಿಂಗ್ (ಚಲನೆಯನ್ನು ಕೃತಕವಾಗಿ ನಯ ಮಾಡುವ ಸೆಟ್ಟಿಂಗ್) ಆಫ್ ಮಾಡಿ. ಟಿವಿ ಬೆನ್ನಿಗೆ 6500 ಕೆಲ್ವಿನ್ನಿನ ಮಂದ ಎಲ್‌ಇಡಿ ಪಟ್ಟಿ ಅಂಟಿಸಿದರೆ ಕತ್ತಲಲ್ಲಿ ನೋಡುವಾಗ ಕಣ್ಣು ಕಡಿಮೆ ಉರಿಯುತ್ತದೆ. ಅಗ್ಗದ ಸಾಮಾನುಗಳಲ್ಲಿ ನನಗೆ ತುಂಬ ಮೆಚ್ಚುಗೆಯಾದದ್ದು ಇದೇ.

ಇನ್ನೂ ಬಗೆಹರಿಯದ್ದು ಎಚ್‌ಡಿಎಂಐ ಸಿಇಸಿ. ಒಂದೇ ರಿಮೋಟಿನಲ್ಲಿ ಎಲ್ಲ ನಡೆಯಬೇಕು ಅನ್ನುವುದು ಅದರ ಉದ್ದೇಶ. ನಮ್ಮ ಮನೆಯಲ್ಲಿ ಗೇಮ್ ಕನ್ಸೋಲ್ ತಾನಾಗೇ ಅಪ್‌ಡೇಟ್ ಮಾಡಿಕೊಳ್ಳಲು ಎದ್ದರೆ ಜೊತೆಗೆ ಟಿವಿ, ರಿಸೀವರ್ ಎರಡನ್ನೂ ಎಬ್ಬಿಸುತ್ತದೆ, ಖಾಲಿ ಹಾಲ್‌ನಲ್ಲಿ ಸಿನಿಮಾ ಲೈಟಿಂಗ್ ಕೂಡ ಹೊತ್ತಿಕೊಳ್ಳುತ್ತದೆ. ಸದ್ಯಕ್ಕೆ ಕನ್ಸೋಲ್‌ನಲ್ಲಿ ಮಾತ್ರ ಸಿಇಸಿ ಆಫ್ ಮಾಡಿಟ್ಟಿದ್ದೇನೆ. ಆನ್ ಇಟ್ಟುಕೊಂಡೇ ಇದಕ್ಕೆ ದಾರಿ ಕಂಡುಕೊಂಡವರಿದ್ದರೆ ತಿಳಿಸಿ.