ಇಂಗ್ಲಿಷ್ ವ್ಯಾಕರಣದ ಪಾಠಕ್ಕೆ ಆಡಾಸಿಟಿ: ಹಲವು ವರ್ಷ ಬಳಸಿದ ಮೇಲೆ

ಆಡಾಸಿಟಿ ಧ್ವನಿಮುದ್ರಣದ ತಂತ್ರಾಂಶ. ವ್ಯಾಕರಣ ಕಲಿಸಲೆಂದು ಯಾರೂ ಅದನ್ನು ಮಾಡಿದ್ದಲ್ಲ. ಆದರೂ ಗದಗ ಜಿಲ್ಲೆಯ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ಎಂಟರಿಂದ ಹತ್ತನೆಯ ತರಗತಿಯವರೆಗೆ ಇಂಗ್ಲಿಷ್ ಕಲಿಸುವ ನನಗೆ ಪ್ಯಾಸಿವ್ ವಾಯ್ಸ್ (ಕರ್ಮಣಿ ಪ್ರಯೋಗ) ಮತ್ತು ರಿಪೋರ್ಟೆಡ್ ಸ್ಪೀಚ್ (ಒಬ್ಬರು ಆಡಿದ್ದನ್ನು ಇನ್ನೊಬ್ಬರು ವರದಿ ಮಾಡುವುದು) ಪಾಠಗಳಲ್ಲಿ ಇದಕ್ಕಿಂತ ಹೆಚ್ಚು ನೆರವಾದ ಸಾಧನ ಬೇರೆ ಸಿಕ್ಕಿಲ್ಲ. ಎಲ್ಲಿ ಕೈಹಿಡಿಯಿತು, ಎಲ್ಲಿ ಕೈಕೊಟ್ಟಿತು ಎಂಬ ಎರಡನ್ನೂ ಬರೆಯುತ್ತಿದ್ದೇನೆ.

ಇದು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1999ರಲ್ಲಿ ಶುರುವಾಗಿ 2000ದಲ್ಲಿ ಹೊರಬಂದ ಮುಕ್ತ ತಂತ್ರಾಂಶ. ಹಣ ಕೊಡಬೇಕಿಲ್ಲ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ಟಿನ ಹಂಗಿಲ್ಲ. ನಮ್ಮ ಪ್ರಯೋಗಾಲಯದಲ್ಲಿ ಉಬುಂಟು ಇರುವ ಹಳೆಯ ಕಂಪ್ಯೂಟರಿನಲ್ಲಿಯೂ ತಕರಾರಿಲ್ಲದೆ ಓಡುತ್ತದೆ. ಖರ್ಚು ಎಂದರೆ ಮೈಕಿಗೆ ಕೆಲವು ನೂರು ರೂಪಾಯಿ, ಅಷ್ಟೇ.

ಇದಕ್ಕೂ ಮುಂಚೆ ಖಾಸಗಿ ಕಂಪನಿಯೊಂದರ ಸ್ಮಾರ್ಟ್ ಕ್ಲಾಸ್ ಪಾಠಗಳನ್ನು ತೋರಿಸುತ್ತಿದ್ದೆವು. ಬಣ್ಣಬಣ್ಣದ ಚಿತ್ರಗಳು, ಯಾರದೋ ನಯವಾದ ಧ್ವನಿ. ಮಕ್ಕಳು ಸುಮ್ಮನೆ ಕೂತು ನೋಡುತ್ತಿದ್ದರು. ಪಾಠ ಮುಗಿದ ಮೇಲೆ ಒಂದು ವಾಕ್ಯ ಹೇಳಿ ಎಂದರೆ ತಲೆ ತಗ್ಗಿಸುತ್ತಿದ್ದರು. ಇಡೀ ಪಾಠದಲ್ಲಿ ಮಗುವಿನ ಬಾಯಿಗೆ ಕೆಲಸವೇ ಇರಲಿಲ್ಲ. ಆಡಾಸಿಟಿಯಲ್ಲಿ ಮಗು ಮಾತನಾಡದಿದ್ದರೆ ಪರದೆಯ ಮೇಲೆ ಏನೂ ಕಾಣುವುದಿಲ್ಲ. ನನ್ನ ಮಟ್ಟಿಗೆ ಅದರ ದೊಡ್ಡ ಗುಣ ಅದೇ.

ಪ್ಯಾಸಿವ್ ವಾಯ್ಸ್ ಅನ್ನು ನಾವೆಲ್ಲ ಕಲಿತದ್ದು 'ರಾಮ ಈಟ್ಸ್ ಎ ಮ್ಯಾಂಗೋ' ಎಂಬ ವಾಕ್ಯವನ್ನು ತಿರುಗಿಸಿ. ಮಾವಿನ ಹಣ್ಣು ರಾಮನಿಂದ ತಿನ್ನಲ್ಪಡುತ್ತದೆ ಎಂದು ಯಾವ ಭಾಷೆಯಲ್ಲೂ ಯಾರೂ ಮನೆಯಲ್ಲಿ ಮಾತನಾಡುವುದಿಲ್ಲ. ಹಾಗಾಗಿ ಹೀಗೆ ಯಾಕೆ ಹೇಳಬೇಕು ಎಂಬ ಪ್ರಶ್ನೆ ಮಗುವಿನಲ್ಲಿ ಹಾಗೆಯೇ ಉಳಿಯುತ್ತದೆ. ನಾನು ಈಗ ರೈಲು ನಿಲ್ದಾಣದ ಪ್ರಕಟಣೆಯಿಂದ ಶುರು ಮಾಡುತ್ತೇನೆ. ಗದಗ ಜಂಕ್ಷನ್ನಿನಲ್ಲಿ ನಿಂತು 'ಪ್ಯಾಸೆಂಜರ್ಸ್ ಆರ್ ರಿಕ್ವೆಸ್ಟೆಡ್', 'ದಿ ಟ್ರೇನ್ ಈಸ್ ಎಕ್ಸ್‌ಪೆಕ್ಟೆಡ್ ಟು ಅರೈವ್' ಎಂಬ ಮಾತುಗಳನ್ನು ಕೇಳದ ಮಗು ನಮ್ಮಲ್ಲಿ ಕಡಿಮೆ. ವಿನಂತಿಸುವವರು ಯಾರು? ಗೊತ್ತಿಲ್ಲ, ಗೊತ್ತಾಗುವ ಅಗತ್ಯವೂ ಇಲ್ಲ. ಪ್ರಯಾಣಿಕರಿಗೆ ಬೇಕಾದದ್ದು ಗಾಡಿಯ ಸುದ್ದಿ. ಪ್ಯಾಸಿವ್ ಇರುವುದೇ ಇಂಥ ಕಡೆಗೆ.

ಮಕ್ಕಳು ನಾಲ್ಕೈದು ಮಂದಿಯ ಗುಂಪಾಗಿ ಪ್ರಕಟಣೆ ಬರೆದು, ಓದಿ ಧ್ವನಿ ಮುದ್ರಿಸುತ್ತಾರೆ. ಗಂಟೆಯ ಸದ್ದನ್ನೂ ಅವರೇ ಮಾಡುತ್ತಾರೆ, ಹೆಚ್ಚಾಗಿ ಸ್ಟೀಲ್ ತಟ್ಟೆಗೆ ಚಮಚ ಬಡಿದು. ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತಲ್ಲ, ಅದರ ಮೇಲೊಂದು ಸುದ್ದಿ ಬರೆಯಿಸಿದರೆ 'ವಾಸ್ ಬಿಲ್ಟ್', 'ವಾಸ್ ಇನಾಗರೇಟೆಡ್' ತಾವಾಗಿ ಬರುತ್ತವೆ. ಮುದ್ರಿಸಿದ್ದನ್ನು ಮರಳಿ ಕೇಳಿಸುವಾಗ 'ಈಸ್' ಬಿಟ್ಟುಹೋಗಿದ್ದರೆ ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಬೆಂಚಿನವರು ಹೇಳುತ್ತಾರೆ. ಮತ್ತೆ ಇಡೀ ಪ್ರಕಟಣೆ ಓದಬೇಕಿಲ್ಲ. ತಪ್ಪಿದ ತುಣುಕನ್ನು ಮೌಸ್‌ನಿಂದ ಗುರುತು ಮಾಡಿ ಅಳಿಸಿ, ಸರಿಯಾದ ವಾಕ್ಯವನ್ನು ಅಲ್ಲಿಯೇ ಜೋಡಿಸಬಹುದು. ನೋಟುಬುಕ್ಕಿನಲ್ಲಿ ಕೆಂಪು ಗೆರೆ ಕಂಡರೆ ಮುದುಡುವ ಮಗು ಇಲ್ಲಿ ಇನ್ನೊಮ್ಮೆ ಹೇಳುತ್ತೇನೆ ಎಂದು ತಾನೇ ಮೈಕ್ ಕೇಳುತ್ತದೆ.

ರಿಪೋರ್ಟೆಡ್ ಸ್ಪೀಚ್ ಇನ್ನೂ ಕಠಿಣ. ಕಾರಣ ಮಕ್ಕಳ ದಡ್ಡತನವಲ್ಲ, ಎರಡು ಭಾಷೆಗಳ ಜಾಯಮಾನವೇ ಬೇರೆ. 'ನಾನು ನಾಳೆ ಬರುತ್ತೇನೆ ಎಂದು ಅವನು ಹೇಳಿದ' ಎನ್ನುತ್ತೇವೆ. ಆಡಿದವನ 'ನಾನು', ಅವನ 'ನಾಳೆ', ಅವನ 'ಬರುತ್ತೇನೆ' ಯಾವುದೂ ಅಲುಗುವುದಿಲ್ಲ; ಕೊನೆಗೆ 'ಎಂದು' ಸೇರಿಸಿದರೆ ಕೆಲಸ ಮುಗಿಯಿತು. ಇಂಗ್ಲಿಷಿನಲ್ಲಿ ಮೂರೂ ಜಾಗ ಬದಲಿಸಬೇಕು: 'ಐ' ಹೋಗಿ 'ಹಿ', 'ವಿಲ್' ಹೋಗಿ 'ವುಡ್', 'ಟುಮಾರೋ' ಹೋಗಿ 'ದಿ ನೆಕ್ಸ್ಟ್ ಡೇ'. ಕರಿಹಲಗೆಯ ಮೇಲೆ ಇದನ್ನು ಪಟ್ಟಿ ಮಾಡಿ ಕಂಠಪಾಠ ಮಾಡಿಸುವುದು ವಾಡಿಕೆ. ಆಡಾಸಿಟಿಯಲ್ಲಿ ಒಂದರ ಕೆಳಗೆ ಒಂದು ಟ್ರ್ಯಾಕ್, ಅಂದರೆ ಧ್ವನಿಯ ಪಟ್ಟಿ, ಇಡಬಹುದು. ಮೇಲಿನದರಲ್ಲಿ ಒಬ್ಬ ಹುಡುಗಿ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ತಂದ ರೈತ ಮಹಿಳೆಯಾಗಿ ಮಾತನಾಡುತ್ತಾಳೆ. ಕೆಳಗಿನದರಲ್ಲಿ ಇನ್ನೊಬ್ಬ ಹುಡುಗ ಮರುದಿನ ರೇಡಿಯೊ ವರದಿಗಾರನಾಗಿ ಆಕೆ ಹೇಳಿದ್ದನ್ನು ಹೇಳುತ್ತಾನೆ. ಧಾರವಾಡ ಆಕಾಶವಾಣಿ 1950ರಿಂದ ಇರುವ ಸೀಮೆ ನಮ್ಮದು. ವರದಿಗಾರ ಎಂದರೆ ಯಾರು ಎಂದು ವಿವರಿಸಬೇಕಿಲ್ಲ. ಕಂಟ್ರೋಲ್ ಮತ್ತು ಬಿ ಕೀಲಿ ಒತ್ತಿದರೆ ಧ್ವನಿಯ ಕೆಳಗೆ ಪದ ಬರೆದ ಚೀಟಿ (ಲೇಬಲ್) ಅಂಟಿಸಬಹುದು. ಬದಲಾದ ಪದಗಳ ಕೆಳಗೆಲ್ಲ ಮಕ್ಕಳೇ ಚೀಟಿ ಅಂಟಿಸುತ್ತಾರೆ. ಮಾತನಾಡಿದವಳು ಒಬ್ಬಳು, ಹೇಳುತ್ತಿರುವವನು ಇನ್ನೊಬ್ಬ, ದಿನವೂ ಬೇರೆ ಎಂಬುದು ಕಿವಿಗೇ ಗೊತ್ತಾದ ಮೇಲೆ 'ವಿಲ್' ಯಾಕೆ 'ವುಡ್' ಆಗುತ್ತದೆ ಎಂದು ನಾನು ಹೇಳಬೇಕಾದದ್ದು ಸ್ವಲ್ಪವೇ.

ಪದದ ಯಾವ ಭಾಗಕ್ಕೆ ಒತ್ತು ಎಂಬುದಕ್ಕೂ ಇದು ಒಳ್ಳೆಯದು. ಕನ್ನಡದಲ್ಲಿ ಒತ್ತು ಬದಲಾದರೆ ಅರ್ಥ ಬದಲಾಗುವುದಿಲ್ಲ, ಆದ್ದರಿಂದ ನಮ್ಮ ಕಿವಿ ಅದನ್ನು ಹಿಡಿಯುವುದೇ ಇಲ್ಲ. 'ರೆಕಾರ್ಡ್' ಎಂಬುದನ್ನು ನಾಮಪದವಾಗಿ ಒಮ್ಮೆ, ಕ್ರಿಯಾಪದವಾಗಿ ಒಮ್ಮೆ ಮುದ್ರಿಸಿ ಪರದೆಯ ಮೇಲೆ ಮೂಡುವ ಧ್ವನಿಯ ಅಲೆಯ ಚಿತ್ರ ತೋರಿಸಿದಾಗ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಪರದೆಯ ಹತ್ತಿರ ಬಂದು, "ಟೀಚರ್, ಮೊದಲನೆಯದರಲ್ಲಿ ಗುಡ್ಡ ಮುಂದಿದೆ, ಎರಡನೆಯದರಲ್ಲಿ ಹಿಂದಿದೆ" ಎಂದಳು. ಅಂದಿನಿಂದ ನಮ್ಮ ತರಗತಿಯಲ್ಲಿ ಒತ್ತಿಗೆ ಗುಡ್ಡ ಎಂದೇ ಹೆಸರು. ವೇಗದ ಇಂಗ್ಲಿಷ್ ಅರ್ಥವಾಗದಿದ್ದಾಗ 'ಚೇಂಜ್ ಟೆಂಪೋ' ಬಳಸಿ ದನಿಯ ಸ್ಥಾಯಿ (ಪಿಚ್) ಕೆಡದಂತೆ ಮಾತನ್ನು ನಿಧಾನಗೊಳಿಸುವ ಸೌಲಭ್ಯವನ್ನೂ ನಾನು ಪದೇ ಪದೇ ಬಳಸುತ್ತೇನೆ.

ಈಗ ಕೊರತೆಗಳು. ಅಲೆಯ ಚಿತ್ರ ತೋರಿಸುವುದು ಸದ್ದಿನ ಜೋರನ್ನು ಮಾತ್ರ, ದನಿಯ ಏರಿಳಿತವನ್ನಲ್ಲ. ಹೀಗಾಗಿ ವಾಕ್ಯದ ಕೊನೆಗೆ ಸೇರಿಸುವ 'ಈಸಂಟ್ ಇಟ್' ತರಹದ ಕ್ವೆಶ್ಚನ್ ಟ್ಯಾಗ್ ಪಾಠಕ್ಕೆ ಇದು ಅಷ್ಟಾಗಿ ಉಪಯೋಗವಿಲ್ಲ. ದನಿ ಏರಿದರೆ ನಿಜವಾದ ಪ್ರಶ್ನೆ, ಇಳಿದರೆ ಬರೀ ಸಮ್ಮತಿಯ ನಿರೀಕ್ಷೆ ಎಂಬ ವ್ಯತ್ಯಾಸ ಇದರಲ್ಲಿ ಕಣ್ಣಿಗೆ ಸಿಗದು. ಪ್ರಾಟ್ ಎಂಬ ಇನ್ನೊಂದು ಉಚಿತ ತಂತ್ರಾಂಶ ಸ್ಥಾಯಿಯ ಗೆರೆ ಎಳೆದು ತೋರಿಸುತ್ತದೆ, ಆದರೆ ಅದು ಭಾಷಾವಿಜ್ಞಾನಿಗಳಿಗಾಗಿ ಮಾಡಿದ್ದು, ಮಕ್ಕಳ ಕೈಗೆ ಕೊಡುವಂಥದ್ದಲ್ಲ. ಇನ್ನು ಫ್ಯಾನಿನ ಗುಯ್‌ಗುಡುವಿಕೆ. 'ನಾಯ್ಸ್ ರಿಡಕ್ಷನ್' ಅದನ್ನು ತಗ್ಗಿಸುತ್ತದೆ. ಅದಕ್ಕಾಗಿ ಮಾತು ಶುರುವಾಗುವ ಮೊದಲು ಕೆಲವು ಸೆಕೆಂಡು ಎಲ್ಲರೂ ಸುಮ್ಮನಿದ್ದು ಫ್ಯಾನಿನ ಸದ್ದನ್ನಷ್ಟೇ ಮುದ್ರಿಸಬೇಕು. ಹೆಚ್ಚು ಸ್ವಚ್ಛ ಮಾಡಲು ಹೋದರೆ ಮಗುವಿನ ದನಿ ತಗಡಿನ ಡಬ್ಬಿಯೊಳಗಿಂದ ಬಂದಂತಾಗುತ್ತದೆ.

ಸಮಯ ಬೇಕು ಎಂಬುದು ಎಲ್ಲಕ್ಕಿಂತ ದೊಡ್ಡ ತೊಡಕು. ಒಂದು ಪಿರಿಯಡ್ಡಿನಲ್ಲಿ ಇಡೀ ತರಗತಿಯ ಧ್ವನಿ ಮುದ್ರಿಸಲಾಗದು, ನಡುವೆ ಕರೆಂಟು ಹೋದರೆ ಅದೂ ಇಲ್ಲ. ಇಂಗ್ಲಿಷ್ ದ್ವಿತೀಯ ಭಾಷೆಯಾದ ಎಸ್ಸೆಸ್ಸೆಲ್ಸಿಯಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ ಹೋಗುತ್ತವೆ, ಆ ಉತ್ತರಪತ್ರಿಕೆಯಲ್ಲಿ ಬಾಯಿಮಾತಿಗೆ ಜಾಗವಿಲ್ಲ. ಇದರಿಂದ ಫಲಿತಾಂಶ ಏರುತ್ತದೆಯೇ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ನನ್ನ ಅನುಭವದಲ್ಲಿ, ಬಾಯಲ್ಲಿ ಹಲವು ಸಲ ಸರಿಯಾಗಿ ಆಡಿದ ವಾಕ್ಯವನ್ನು ಮಕ್ಕಳು ಪರೀಕ್ಷೆಯಲ್ಲಿ ತಪ್ಪಾಗಿ ಬರೆಯುವುದು ಅಪರೂಪ. ಹತ್ತನೆಯ ತರಗತಿಯಲ್ಲಿ ಪುರುಸೊತ್ತು ಸಿಗುವುದಿಲ್ಲ; ಎಂಟು, ಒಂಬತ್ತರಲ್ಲಿಯೇ ಶುರು ಮಾಡಿ.

ಹಾಕಿಕೊಳ್ಳುವುದಾದರೆ 3.0 ಅಥವಾ ನಂತರದ ಆವೃತ್ತಿಯನ್ನೇ ಹಾಕಿಕೊಳ್ಳಿ. 2021ಕ್ಕೆ ಮುಂಚಿನ ಆವೃತ್ತಿಗಳು ಒಂದು ಚಿಕ್ಕ ಕಡತ, ಅದರ ಜೊತೆಗೊಂದು ಫೋಲ್ಡರ್ ಹೀಗೆ ಎರಡಾಗಿ ಉಳಿಸುತ್ತಿದ್ದವು. ಫೋಲ್ಡರ್ ಬಿಟ್ಟು ಕಡತವನ್ನಷ್ಟೇ ಪೆನ್‌ಡ್ರೈವಿಗೆ ಹಾಕಿದರೆ ಧ್ವನಿ ಬರುತ್ತಿರಲಿಲ್ಲ. ಈಗ ಎಲ್ಲವೂ ಒಂದೇ ಕಡತ. ಅದೇ ವರ್ಷ ಆಡಾಸಿಟಿ ಮ್ಯೂಸ್ ಗ್ರೂಪ್ ಎಂಬ ಕಂಪನಿಯ ಕೈಸೇರಿದಾಗ ಖಾಸಗಿತನದ ನೀತಿಯ ಬಗ್ಗೆ ಬಳಕೆದಾರರು ಬಲವಾಗಿ ಆಕ್ಷೇಪಿಸಿದ್ದರು, ಆಮೇಲೆ ನೀತಿಯನ್ನು ತಿದ್ದಿದರು. ನಮ್ಮ ಯಂತ್ರಗಳಿಗೆ ಇಂಟರ್ನೆಟ್ ಸಂಪರ್ಕವೇ ಇಲ್ಲವಾದ್ದರಿಂದ ನನಗೆ ಆ ಚಿಂತೆ ಇಲ್ಲ. ನನ್ನ ಕಾಳಜಿ ನಮ್ಮದೇ ವಾಟ್ಸಾಪ್ ಗುಂಪುಗಳ ಬಗ್ಗೆ. ಮಕ್ಕಳು ಮುದ್ರಿಸಿದ್ದು ಎಷ್ಟೇ ಚೆನ್ನಾಗಿದ್ದರೂ ಪಾಲಕರ ಒಪ್ಪಿಗೆಯಿಲ್ಲದೆ ಅದನ್ನು ಶಾಲೆಯಿಂದ ಹೊರಗೆ ಕಳಿಸಬೇಡಿ.