ಪಿಕಪ್‌ಗೆ ಯಾವ ಶಾಕ್ ಒಳ್ಳೆಯದು? ಮೂರು ಥರದ್ದನ್ನೂ ಪುಣೆ ರಸ್ತೆಗಳಲ್ಲಿ ಓಡಿಸಿದ ಮೇಲೆ ನನ್ನ ಅನುಭವ

ಶಾಕ್ ಅಂದರೆ ಶಾಕ್ ಅಬ್ಸಾರ್ಬರ್, ಗುಂಡಿ ಹಂಪಿನಲ್ಲಿ ಗಾಡಿಯ ಕುಣಿತ ತಡೆಯುವ ಭಾಗ. ಮೊದಲೇ ಹೇಳಿಬಿಡುತ್ತೇನೆ. ಹಿಂದೆ ಲೋಡು ಹಾಕಿಕೊಂಡು ಘಾಟು, ಹೈವೇ ಜಾಸ್ತಿ ಓಡಿಸುವವರು ಮೋನೋ ಟ್ಯೂಬ್ (ಒಂದೇ ಕೊಳವೆಯ) ಶಾಕ್ ಹಾಕಿಸಿ. ಊರೊಳಗೇ ಖಾಲಿ ಗಾಡಿ ಓಡಿಸುವವರಿಗೆ ಒಳ್ಳೆಯ ಗ್ಯಾಸ್ ಟ್ವಿನ್ ಟ್ಯೂಬ್ (ಗ್ಯಾಸ್ ತುಂಬಿದ, ಎರಡು ಕೊಳವೆಯ ಶಾಕ್) ಸಾಕು, ಅವರಿಗೆ ಅದೇ ಹಿತ. ಬಜೆಟ್ ಕಡಿಮೆ ಇದ್ದರೆ ಕಂಪನಿಯ ಶಾಕನ್ನೇ ಹೊಸದಾಗಿ ಹಾಕಿಸಿದರೂ ಗಾಡಿ ಎಷ್ಟೋ ಸುಧಾರಿಸುತ್ತದೆ.

ನಾನಿರುವುದು ಪುಣೆ ಪಕ್ಕದ ನಿಗಡಿಯಲ್ಲಿ. ಗಾಡಿ ಡಬಲ್ ಕ್ಯಾಬ್ ಡೀಸೆಲ್ ಪಿಕಪ್. ಮುಂದೆ ಡಬಲ್ ವಿಶ್‌ಬೋನ್ (ಚಕ್ರ ಹಿಡಿಯುವ ಮೇಲೊಂದು ಕೆಳಗೊಂದು ತೋಳು) ಮತ್ತು ಕಾಯಿಲ್ ಸ್ಪ್ರಿಂಗ್, ಹಿಂದೆ ಲೀಫ್ ಸ್ಪ್ರಿಂಗ್, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿ, ಗ್ಯಾರೇಜಿನವರ ಬಾಯಲ್ಲಿ ಪಾಟಾ. ಇಸುಝು ವಿ-ಕ್ರಾಸ್, ಟೊಯೋಟಾ ಹೈಲಕ್ಸ್ ಎರಡರಲ್ಲೂ ಇದೇ ವ್ಯವಸ್ಥೆ ಇರುವುದರಿಂದ ಆ ಗಾಡಿಗಳವರಿಗೂ ಈ ಮಾತು ಉಪಯೋಗಕ್ಕೆ ಬರಬಹುದು. ನನ್ನ ಕೆಲಸ ಗಿಡಗಳದ್ದು. ಉರುಳಿ ಕಾಂಚನ್ ಕಡೆಯ ನರ್ಸರಿಗಳಿಂದ ಗಿಡ, ಕುಂಡ, ಮಣ್ಣಿನ ಚೀಲ ತುಂಬಿಕೊಂಡು ಲೋಣಾವಳಾ, ಮುಳಶಿ ಕಡೆಯ ಬಂಗಲೆಗಳಿಗೆ ಮುಟ್ಟಿಸುತ್ತೇನೆ. ವಾಪಸ್ ಬರುವಾಗ ಗಾಡಿ ಪೂರ್ತಿ ಖಾಲಿ. ರಜೆ ಬಂತೆಂದರೆ ಅದೇ ಗಾಡಿಯಲ್ಲಿ ಅವ್ವ, ಹೆಂಡತಿ, ಮಕ್ಕಳನ್ನು ಕೂರಿಸಿಕೊಂಡು ಧಾರವಾಡಕ್ಕೆ. ಗಾಡಿ ಒಂದೇ, ಭಾರ ಮೂರು ಥರ. ಶಾಕ್ ಆರಿಸುವ ತಲೆನೋವೆಲ್ಲ ಇರುವುದು ಇದರಲ್ಲೇ.

ಯಾಕೆಂದರೆ ಪಿಕಪ್ಪಿನ ಲೀಫ್ ಸ್ಪ್ರಿಂಗನ್ನು ಮಾಡಿರುವುದೇ ಭಾರ ಹೊರಲು. ಹಿಂದೆ ಏನೂ ಇಲ್ಲದಿದ್ದಾಗ ಸ್ಪ್ರಿಂಗ್ ಬಗ್ಗುವುದೇ ಇಲ್ಲ, ಅದಕ್ಕೇ ಹಂಪ್ ಬಂದರೆ ಹಿಂಭಾಗ ಎಗರುತ್ತದೆ. ಲೋಡು ಬಿದ್ದ ಮೇಲೆ ಸವಾರಿ ಮೆತ್ತಗಾಗುತ್ತದೆ ನಿಜ, ಆದರೆ ಆ ಭಾರ ಒಮ್ಮೆ ಮೇಲೆ ಕೆಳಗೆ ಆಡಲು ಶುರುವಾದರೆ ತಡೆಯುವುದಕ್ಕೆ ಶಾಕಿಗೆ ದುಪ್ಪಟ್ಟು ಕೆಲಸ. ಭಾರ ಹೊರುವುದು ಸ್ಪ್ರಿಂಗ್, ಕುಣಿತ ನಿಲ್ಲಿಸುವುದು ಶಾಕ್. ಈ ವ್ಯತ್ಯಾಸ ತಿಳಿಯದೆ ಜನ ಸುಮ್ನೆ ದುಡ್ಡು ಸುರಿಯುತ್ತಾರೆ. ಚಿಂಚವಡದಲ್ಲಿ ನನ್ನ ಗಾಡಿ ನೋಡುವ ಫಿಟ್ಟರ್ ವಿಜಯಪುರ ಕಡೆಯವನು. ಬಂದವರಿಗೆಲ್ಲ ಅವನು ಹೇಳುವುದು ಒಂದೇ ಮಾತು: "ಅಣ್ಣಾರ, ಗಾಡಿ ಹಿಂದ ಕುಂತೈತಿ ಅಂದ್ರ ಮೊದ್ಲ ಪಾಟಾ ನೋಡ್ರಿ. ಶಾಕ್ ಬದ್ಲಿ ಮಾಡಿದ್ರ ಗಾಡಿ ಮ್ಯಾಲ ಏಳಂಗಿಲ್ರಿ." ಪೂರ್ತಿ ಸರಿ. ಪಟ್ಟಿ ಸೋತಿದ್ದರೆ, ಜೋಡಣೆಯಲ್ಲಿರುವ ರಬ್ಬರ್ ಬುಶ್ ಹರಿದಿದ್ದರೆ, ಎಂಥ ದುಬಾರಿ ಶಾಕ್ ಹಾಕಿದರೂ ಪ್ರಯೋಜನವಿಲ್ಲ.

ಇನ್ನು ಒಂದೊಂದಾಗಿ ಬರುತ್ತೇನೆ.

ಕಂಪನಿಯಿಂದ ಬಂದ ಶಾಕ್ ಸಾಮಾನ್ಯವಾಗಿ ಟ್ವಿನ್ ಟ್ಯೂಬ್. ಕೊಳವೆಯೊಳಗೆ ಕೊಳವೆ. ಒಳಗಿನದರಲ್ಲಿ ಪಿಸ್ಟನ್ ಆಡುತ್ತದೆ, ಎಣ್ಣೆ ಸಣ್ಣ ತೂತುಗಳ ಮೂಲಕ ಕಷ್ಟಪಟ್ಟು ಹಾಯುತ್ತದೆ, ಉಳಿದ ಎಣ್ಣೆ ತಳದ ವಾಲ್ವಿನಿಂದ ಹೊರಗಿನ ಕೊಳವೆಗೆ ಹೋಗುತ್ತದೆ. ಗಾಡಿಯ ಕುಣಿತವೆಲ್ಲ ಹೀಗೆ ಎಣ್ಣೆಯಲ್ಲಿ ಬಿಸಿಯಾಗಿ ಕರಗಬೇಕು. ಹೊಸದಿದ್ದಾಗ ಇದು ಕೆಟ್ಟದ್ದೇನಲ್ಲ. ಹಳೆಯದನ್ನು ತೆಗೆದು ಅದೇ ನಮೂನೆಯ ಹೊಸದನ್ನು ಹಾಕಿಸಿದಾಗ, ಸ್ಟೀರಿಂಗ್ ಹಿಡಿದ ಮೊದಲ ತಿರುವಿನಲ್ಲೇ ಬದಲಾವಣೆ ಗೊತ್ತಾಯಿತು. ಶಾಕ್ ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಸೋಲುತ್ತದೆ, ನಾವು ಅದಕ್ಕೇ ಒಗ್ಗಿಹೋಗುತ್ತೇವೆ, ಹೊಸದು ಬಂದಾಗಲೇ ಎಷ್ಟು ಕಳೆದುಕೊಂಡಿದ್ದೆವು ಅಂತ ತಿಳಿಯುವುದು. ಅಂದಹಾಗೆ, ಶಾಕ್ ಮಾಡುವ ಗೇಬ್ರಿಯಲ್ ಕಾರ್ಖಾನೆ ಇಲ್ಲೇ ಚಾಕಣದಲ್ಲಿದೆ. ಈ ಭಾಗದಲ್ಲಿ ಟ್ವಿನ್ ಟ್ಯೂಬ್ ಬಿಚ್ಚಿ ಹಾಕಲು ಬರುವ ಮೆಕ್ಯಾನಿಕ್‌ಗಳಿಗಂತೂ ಕೊರತೆ ಇಲ್ಲ.

ಆದರೆ ಕುಂಡಗಳ ಪೂರ್ತಿ ಲೋಡು ಹಾಕಿಕೊಂಡು ಮುಳಶಿ ದಾಟಿ ತಾಮ್ಹಿಣಿ ಕಡೆಯ ಕಿತ್ತುಹೋದ ರಸ್ತೆಯಲ್ಲಿ ಹೋಗಿ ನೋಡಿ. ಶುರುವಿನಲ್ಲಿ ಗಾಡಿ ಹಿಡಿತದಲ್ಲೇ ಇರುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಹಿಂಭಾಗ ಒಂದು ಗುಂಡಿಗೆ ಎರಡೆರಡು ಸಲ ಕುಣಿಯತೊಡಗುತ್ತದೆ. ಎಣ್ಣೆ ಕಾದು, ಗಾಳಿ ಬೆರೆತು ನೊರೆಯಾದಾಗ ಆಗುವುದು ಹೀಗೆ. ನೊರೆ ಸಲೀಸಾಗಿ ತೂತಿನಲ್ಲಿ ನುಗ್ಗಿಬಿಡುತ್ತದೆ, ತಡೆಯುವ ಶಕ್ತಿ ಕಡಿಮೆಯಾಗುತ್ತದೆ.

ಇದಕ್ಕೆ ಮೊದಲ ಪರಿಹಾರ ಗ್ಯಾಸ್ ಟ್ವಿನ್ ಟ್ಯೂಬ್. ಓಲ್ಡ್ ಮ್ಯಾನ್ ಎಮು ಬ್ರ್ಯಾಂಡಿನ ನೈಟ್ರೋಚಾರ್ಜರ್ ಈ ಜಾತಿಯದು. ಮೋನೋ ಟ್ಯೂಬ್‌ನಲ್ಲಿ ಬಿಲ್‌ಸ್ಟೈನ್ ಬಿ6, ಫೋಮ್ ಸೆಲ್ (ಇದೇನೆಂದು ಕೊನೆಗೆ ಹೇಳುತ್ತೇನೆ) ಅಂದರೆ ಐರನ್‌ಮ್ಯಾನ್, ಈ ಹೆಸರುಗಳನ್ನು ಪಿಕಪ್ ಇಟ್ಟವರೆಲ್ಲ ಕೇಳಿರುತ್ತೀರಿ. ನಾನು ಹಾಕಿಸಿದ್ದು ಯಾವ ಬ್ರ್ಯಾಂಡ್ ಅಂತ ಇಲ್ಲಿ ಹೇಳುತ್ತಿಲ್ಲ, ಯಾಕೆಂದರೆ ಬ್ರ್ಯಾಂಡಿಗಿಂತ ಜಾತಿಯ ವ್ಯತ್ಯಾಸ ದೊಡ್ಡದು. ಗ್ಯಾಸ್ ಟ್ವಿನ್ ಟ್ಯೂಬ್‌ನಲ್ಲಿ ಹೊರಗಿನ ಕೊಳವೆಯ ಮೇಲ್ಭಾಗದಲ್ಲಿ ಗಾಳಿಯ ಬದಲು ಕಡಿಮೆ ಒತ್ತಡದ ನೈಟ್ರೋಜನ್ ಇರುತ್ತದೆ. ಆ ಒತ್ತಡದಿಂದ ನೊರೆ ಏಳುವುದು ತಡವಾಗುತ್ತದೆ. ಪಿಕಪ್‌ಗಾಗಿ ಮಾಡಿದವುಗಳಲ್ಲಿ ಪಿಸ್ಟನ್, ರಾಡ್ ದಪ್ಪ ಇರುತ್ತವೆ, ಎಣ್ಣೆಯೂ ಜಾಸ್ತಿ ಹಿಡಿಯುತ್ತದೆ.

ಊರೊಳಗೆ ಇದನ್ನು ಮೀರಿಸುವುದು ನನಗೆ ಸಿಕ್ಕಿಲ್ಲ. ನಮ್ಮ ಕಡೆಯ ಸೊಸೈಟಿಗಳ ಮುಂದೆ ಪೇವರ್ ಬ್ಲಾಕ್ ಜೋಡಿಸಿ ಮಾಡಿದ ಹಂಪ್‌ಗಳಿರುತ್ತವಲ್ಲ, ಅವುಗಳ ಮೇಲೆ ಖಾಲಿ ಗಾಡಿ ಸಲೀಸಾಗಿ ಹತ್ತಿ ಇಳಿಯುತ್ತದೆ. ಹಿಂದಿನ ಸೀಟಿನಲ್ಲಿ ಕೂತ ಅವ್ವ ಸೊಂಟದ ಮಾತೆತ್ತದೆ ಧಾರವಾಡ ಮುಟ್ಟಿದ್ದು ಈ ಶಾಕಿನಲ್ಲೇ. ಸಣ್ಣ ಸಣ್ಣ ಅಲುಗಾಟವನ್ನು ಇದು ಚೆನ್ನಾಗಿ ನುಂಗುತ್ತದೆ. ಕಲ್ಲು ಬಡಿದು ಹೊರಗಿನ ಕೊಳವೆ ಸ್ವಲ್ಪ ತಗ್ಗಾದರೂ ಒಳಗಿನ ಪಿಸ್ಟನ್ ತನ್ನ ಪಾಡಿಗೆ ಓಡಾಡುತ್ತಿರುತ್ತದೆ. ಕಚ್ಚಾ ರಸ್ತೆ ಜಾಸ್ತಿ ಇರುವವರಿಗೆ ಇದು ದೊಡ್ಡ ಅನುಕೂಲ.

ಕೊರತೆ ಕಂಡದ್ದು ಎತ್ತರದ ಲೋಡಿನಲ್ಲಿ. ಗಿಡಗಳ ಲೋಡು ಮಣ್ಣಿನ ಚೀಲದ ಹಾಗಲ್ಲ. ಅರೆಕಾ ಪಾಮ್, ಫೈಕಸ್ ಎಲ್ಲ ಕ್ಯಾಬಿನ್‌ಗಿಂತ ಎತ್ತರ ನಿಲ್ಲುತ್ತವೆ. ಎಕ್ಸ್‌ಪ್ರೆಸ್‌ವೇಯಲ್ಲಿ ಲೇನ್ ಬದಲಿಸಿದರೆ ಅಥವಾ ಪಕ್ಕದಲ್ಲಿ ದೊಡ್ಡ ಬಸ್ಸು ಸುಂಯ್ ಅಂತ ಹೋದರೆ ಗಾಡಿ ಒಂದು ಕಡೆ ವಾಲಿ, ಮತ್ತೆ ಇನ್ನೊಂದು ಕಡೆ ವಾಲಿ, ಆಮೇಲೆ ನೆಟ್ಟಗಾಗುತ್ತಿತ್ತು. ಅಪಾಯ ಅನ್ನುವಷ್ಟಲ್ಲ. ಆದರೆ ಆ ಎರಡನೇ ವಾಲುವಿಕೆ ನನಗೆ ಸರಿಬರಲಿಲ್ಲ.

ಹಾಗಾಗಿ ಮೋನೋ ಟ್ಯೂಬ್. ಇದರಲ್ಲಿ ಒಂದೇ ಕೊಳವೆ. ಎಣ್ಣೆ ಮತ್ತು ನೈಟ್ರೋಜನ್ ನಡುವೆ ತೇಲುವ ಇನ್ನೊಂದು ಪಿಸ್ಟನ್ ಇರುವುದರಿಂದ ಎರಡೂ ಬೆರೆಯುವುದಿಲ್ಲ, ಗ್ಯಾಸಿನ ಒತ್ತಡವೂ ಟ್ವಿನ್ ಟ್ಯೂಬಿಗಿಂತ ಬಹಳ ಜಾಸ್ತಿ. ಕೊಳವೆ ಒಂದೇ ಆದ್ದರಿಂದ ಅಷ್ಟೇ ಜಾಗದಲ್ಲಿ ದೊಡ್ಡ ಪಿಸ್ಟನ್ ಹಿಡಿಸುತ್ತದೆ, ಬಿಸಿಯೂ ನೇರವಾಗಿ ಹೊರಗಿನ ಗಾಳಿಗೆ ಹೋಗುತ್ತದೆ. ಇದು ಹೊಸ ವಿದ್ಯೆಯೇನಲ್ಲ. ಫ್ರಾನ್ಸಿನ ಎಂಜಿನಿಯರ್ ದ ಕಾರ್ಬೊನ್ ರೂಪಿಸಿದ್ದನ್ನು ಬಿಲ್‌ಸ್ಟೈನ್ ಕಂಪನಿ 1957ರಲ್ಲೇ ಮರ್ಸಿಡಿಸ್ ಕಾರುಗಳಿಗೆ ಕೊಟ್ಟಿತ್ತು.

ಇದನ್ನು ಹಾಕಿಸಿದ ಮೇಲೆ ಅದೇ ಗಿಡ, ಅದೇ ರಸ್ತೆ, ಗಾಡಿ ಮಾತ್ರ ಬೇರೆಯದೇ ಅನ್ನಿಸಿತು. ಒಮ್ಮೆ ವಾಲಿದರೆ ಅಲ್ಲೇ ನಿಲ್ಲುತ್ತದೆ, ವಾಪಸ್ ತೂಗಾಡುವುದಿಲ್ಲ. ಸಾತಾರಾ ಕಡೆಯಿಂದ ಪುಣೆಗೆ ಬರುವಾಗ ಖಂಬಾಟಕಿ ಸುರಂಗ ದಾಟಿದ ಕೂಡಲೇ ಇಳಿಜಾರಿನಲ್ಲೇ ಎಡಕ್ಕೊಂದು ಬಲಕ್ಕೊಂದು ತಿರುವು ಇದೆಯಲ್ಲ, ಅಲ್ಲಿ ಈ ವ್ಯತ್ಯಾಸ ಕೈಗೇ ಸಿಗುತ್ತದೆ. ಮೊದಲ ತಿರುವಿನ ವಾಲು ಇಳಿಯುವ ಮೊದಲೇ ಎರಡನೆಯದು ಬರುತ್ತದೆ, ಮೆತ್ತಗಿನ ಶಾಕ್ ಇದ್ದರೆ ಭಾರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಸೆದಂತಾಗುತ್ತದೆ. ಮೋನೋ ಟ್ಯೂಬ್‌ನಲ್ಲಿ ಅದು ನಿಧಾನಕ್ಕೆ ಸರಿಯುತ್ತದೆ. ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆವರೆಗಿನ ಉದ್ದ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಮೂತಿ ಧಡಕ್ಕನೆ ಕೆಳಗೆ ಬಾಗುವುದೂ ಕಡಿಮೆಯಾಯಿತು. ಇಷ್ಟು ಮಾತ್ರಕ್ಕೆ ಅಲ್ಲಿ ವೇಗ ಹೆಚ್ಚಿಸಬೇಡಿ, ದಯವಿಟ್ಟು. ಆ ಇಳಿಜಾರಿನಲ್ಲಿ ಎಷ್ಟು ಅಪಘಾತ ಆಗಿವೆ ಅಂತ ಪುಣೆಯವರಿಗೆಲ್ಲ ಗೊತ್ತು. ಕಡಿಮೆ ಗೇರಿನಲ್ಲೇ ಇಳಿಯಿರಿ. ಶಾಕ್ ಬದಲಿಸಿದ್ದಕ್ಕೆ ಗಾಡಿ ಹೊರುವ ಭಾರದ ಮಿತಿಯೂ ಏರುವುದಿಲ್ಲ.

ಬೆಲೆ ತೆರಬೇಕಾದ್ದು ಖಾಲಿ ಗಾಡಿಯಲ್ಲಿ. ಎಕ್ಸ್‌ಪ್ರೆಸ್‌ವೇಯ ಕಾಂಕ್ರೀಟ್ ಜಾಯಿಂಟ್‌ಗಳು ಟಕ್ ಟಕ್ ಟಕ್ ಅಂತ ಸೀಟಿಗೇ ಕೇಳುತ್ತವೆ. ಗ್ಯಾಸಿನ ಒತ್ತಡ ರಾಡನ್ನು ಯಾವಾಗಲೂ ಹೊರಗೆ ತಳ್ಳುತ್ತಿರುತ್ತದೆ, ಸೀಲಿನ ಬಿಗಿಯೂ ಜಾಸ್ತಿ, ಹೀಗಾಗಿ ಸಣ್ಣ ಏರುತಗ್ಗಿಗೆ ಶಾಕ್ ಬೇಗ ಸಡಿಲ ಬಿಡುವುದಿಲ್ಲ. ಹೆಂಡತಿಗೆ ಇವತ್ತಿಗೂ ಹಿಂದಿನ ಗ್ಯಾಸ್ ಟ್ವಿನ್ ಟ್ಯೂಬೇ ಇಷ್ಟ. "ಲೋಡ್ ಇದ್ದಾಗ ನಿಮಗೆ ಚಲೋ, ನಾವು ಕೂತಾಗ ನಮಗ ಅದಾ ಚಲೋ ಇತ್ತು" ಅನ್ನುತ್ತಾಳೆ, ಅವಳ ಮಾತೂ ನ್ಯಾಯವೇ. ಖರ್ಚೂ ನನಗೆ ಸುಮಾರು ಎರಡು ಪಟ್ಟು ಬಿತ್ತು. ಇನ್ನೊಂದು, ಇದರ ಕೊಳವೆಗೆ ಕಲ್ಲು ಬಡಿದು ತಗ್ಗಾದರೆ ಪಿಸ್ಟನ್ ಸಿಕ್ಕಿಕೊಳ್ಳಬಹುದು, ಕಚ್ಚಾ ದಾರಿಯವರು ಇದನ್ನು ಗಮನದಲ್ಲಿಡಿ.

ಖಾಲಿ ಓಡಿಸುವಾಗಿನ ಈ ಬಿಗಿಯನ್ನು ಟೈರ್ ಗಾಳಿಯಿಂದ ಸ್ವಲ್ಪ ತಗ್ಗಿಸಬಹುದು. ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲಿ ಖಾಲಿಗೆ ಬೇರೆ, ಲೋಡಿಗೆ ಬೇರೆ ಅಂತ ಬರೆದಿದ್ದರೆ ಅದರಂತೆ ಹಿಂದಿನ ಚಕ್ರದ ಗಾಳಿ ಬದಲಿಸಿ. ನಮ್ಮಲ್ಲಿ ಎಷ್ಟೋ ಜನ ಲೋಡಿನ ಗಾಳಿಯಲ್ಲೇ ವರ್ಷವಿಡೀ ಖಾಲಿ ಗಾಡಿ ಓಡಿಸಿ ಶಾಕನ್ನು ಬೈಯುತ್ತಾರೆ.

ಫೋಮ್ ಸೆಲ್ ಬಗ್ಗೆ ಚಿಕ್ಕದಾಗಿ. ಇದೂ ಟ್ವಿನ್ ಟ್ಯೂಬೇ, ಆದರೆ ಗ್ಯಾಸಿನ ಜಾಗದಲ್ಲಿ ಫೋಮ್ ಇರುತ್ತದೆ, ಹಾಗಾಗಿ ಎಣ್ಣೆಗೆ ಬೆರೆಯಲು ಗಾಳಿಯೇ ಇಲ್ಲ. ಕೊಲ್ಲಾಪುರದ ಸ್ನೇಹಿತನ ಗಾಡಿಯಲ್ಲಿದೆ, ನಿಪ್ಪಾಣಿವರೆಗೆ ನಾನೇ ಓಡಿಸಿ ನೋಡಿದೆ. ಮೃದುವಾಗಿಯೂ ಇದೆ, ದಪ್ಪ ಕೊಳವೆಯಾದ್ದರಿಂದ ಎಣ್ಣೆಯೂ ಧಾರಾಳ. ನನಗೆ ಇದು ಉಳಿದೆರಡರ ನಡುವಿನದು ಅನ್ನಿಸಿತು. ಅವನ ಗಾಡಿಯಲ್ಲಿ ಸ್ಪ್ರಿಂಗೂ ಬೇರೆ ಇರುವುದರಿಂದ ಇದಕ್ಕಿಂತ ಹೆಚ್ಚು ಹೇಳುವುದು ಸರಿಯಲ್ಲ.

ಯಾವುದನ್ನೇ ಹಾಕಿಸಿ, ಕೂರಿಸುವಾಗ ಎದುರಿಗೆ ನಿಂತಿರಿ. ನಾಲ್ಕನ್ನೂ ಒಟ್ಟಿಗೆ ಬದಲಿಸಿ, ಆಗದಿದ್ದರೆ ಮುಂದಿನ ಜೋಡಿ ಅಥವಾ ಹಿಂದಿನ ಜೋಡಿ, ಒಂಟಿಯಾಗಿ ಮಾತ್ರ ಬೇಡ. ಟ್ವಿನ್ ಟ್ಯೂಬ್ ಆದರೆ ಹಾಕುವ ಮೊದಲು ನೆಟ್ಟಗೆ ಹಿಡಿದು ಕೆಲವು ಸಲ ಒತ್ತಿ ಎಳೆದು ಒಳಗಿನ ಗಾಳಿ ತೆಗೆಯಬೇಕು. ಮುಂದಿನ ಶಾಕ್ ಕಾಯಿಲ್ ಸ್ಪ್ರಿಂಗಿನೊಳಗೇ ಇರುತ್ತದೆ, ಸರಿಯಾದ ಸ್ಪ್ರಿಂಗ್ ಕಂಪ್ರೆಸರ್ ಇಲ್ಲದ ಗ್ಯಾರೇಜಿನಲ್ಲಿ ಅದಕ್ಕೆ ಕೈ ಹಾಕಿಸಲೇಬೇಡಿ, ಒತ್ತಿಟ್ಟ ಸ್ಪ್ರಿಂಗ್ ಚಿಮ್ಮಿದರೆ ಪ್ರಾಣಕ್ಕೇ ಕುತ್ತು. ರಬ್ಬರ್ ಬುಶ್ ಇರುವ ಬೋಲ್ಟ್‌ಗಳ ಕೊನೆಯ ಬಿಗಿ ಕೊಡಬೇಕಾದ್ದು ಗಾಡಿ ಚಕ್ರದ ಮೇಲೆ ನಿಂತಾಗ, ಜಾಕ್ ಮೇಲೆ ಚಕ್ರ ಜೋತಾಡುವಾಗ ಅಲ್ಲ. ಜೋತಾಡುವಾಗಲೇ ಬಿಗಿದರೆ ಗಾಡಿ ಇಳಿಸಿದ ಕೂಡಲೇ ಬುಶ್ ತಿರುಚಿಕೊಂಡು ಕೂರುತ್ತದೆ, ಬೇಗ ಹರಿಯುತ್ತದೆ. ಮುಂದಿನ ಶಾಕ್ ಬಿಚ್ಚಿದ ಮೇಲೆ ವೀಲ್ ಅಲೈನ್‌ಮೆಂಟ್ ಅದೇ ದಿನ ಮಾಡಿಸಿ, ಕೆಲವು ದಿನ ಓಡಿಸಿದ ಮೇಲೆ ಬೋಲ್ಟ್‌ಗಳನ್ನು ಇನ್ನೊಮ್ಮೆ ನೋಡಿಸಿ.